ಆಮೆಮರಿಗೊಂದು ಮನೆ, ಮನೆಮಂದಿಗೊಂದು ಮುಚ್ಚಳ

ಬೆಂಗಳೂರಿನ ಮನೆಗಳಲ್ಲಿ ಆಮೆಮರಿ ಉಪವಾಸ ಬಿದ್ದು ಸಾಯುವುದಿಲ್ಲ, ಉಪಚಾರಕ್ಕೆ ಸಿಕ್ಕಿ ಸಾಯುತ್ತದೆ. ಸೆಕೆಯಾದೀತೆಂದು ಅಜ್ಜಿ ದೀಪ ಆರಿಸುತ್ತಾರೆ. ಚಳಿಯಾದೀತೆಂದು ಮೊಮ್ಮಗ ಕರ್ಚೀಫು ಹೊದಿಸುತ್ತಾನೆ. ಬಾಯಾರೀತೆಂದು ಯಜಮಾನರು ಪಾಯಸದ ಬಟ್ಟಲಿನ ತುಂಬ ನೀರಿಡುತ್ತಾರೆ. ಸಂಜೆ ಬಂದ ಚಿಕ್ಕಮ್ಮ "ಪಾಪ, ಒಂಟಿಯಾಗಿದೆ, ಇನ್ನೊಂದು ತಂದ್ಬಿಡಿ" ಎಂದು ಹೇಳಿ ಕಾಫಿ ಕುಡಿದು ಹೋಗುತ್ತಾರೆ. ಎಲ್ಲವೂ ಪ್ರೀತಿಯೇ. ಆದರೆ 5 ಸೆಂಟಿಮೀಟರ್ ಉದ್ದದ, 30–40 ಗ್ರಾಂ ತೂಗುವ ಜೀವ ಇಷ್ಟು ಪ್ರೀತಿಯನ್ನು ತಾಳಲಾರದು. ಪೆಟ್ಟಿಗೆ ಕಟ್ಟುವಾಗ ಆಮೆ ಹೇಗೆ ಹೊರಗೆ ಬಂದೀತು ಎಂದು ಅರ್ಧ ಯೋಚಿಸಿದರೆ ಸಾಕು. ಮನೆಯವರ ಕೈ ಹೇಗೆ ಒಳಗೆ ಹೋದೀತು ಎಂದು ಎರಡರಷ್ಟು ಯೋಚಿಸಬೇಕು.

ಅದಕ್ಕೂ ಮೊದಲು ಮರಿ ಯಾವುದು ಎಂಬುದು ತೀರ್ಮಾನವಾಗಲಿ. "ಕೋಲಾರದ ಕಡೆಯವರೊಬ್ಬರು ತಂದ್ಕೊಡ್ತಾರಂತೆ, ಬೆನ್ನ ಮೇಲೆ ನಕ್ಷತ್ರ ಇದೆಯಂತೆ" ಎಂದು ಯಾರಾದರೂ ಹೇಳಿದರೆ ಮಾತನ್ನು ಅಲ್ಲಿಗೇ ನಿಲ್ಲಿಸಿ. ಅದು ನಕ್ಷತ್ರ ಆಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆಯಿರುವ ಒಂದನೇ ಷೆಡ್ಯೂಲಿನ ಪ್ರಾಣಿ. ಅದನ್ನು ಸಾಕಿದರೆ ಬೆನ್ನ ಮೇಲಿನ ನಕ್ಷತ್ರ ಹಾಗೇ ಇರುತ್ತದೆ, ಸಾಕಿದವರ ಜನ್ಮನಕ್ಷತ್ರ ಕೆಡುತ್ತದೆ. ಕಾಗದಪತ್ರವಿಟ್ಟುಕೊಂಡು ಸಾಕಬಹುದಾದದ್ದು ಹೊರದೇಶದ ತಳಿ. ಸಾಮಾನ್ಯವಾಗಿ ಸಿಗುವುದು ಆಫ್ರಿಕಾದ ಸಲ್ಕಾಟಾ. 2024ರ ನಿಯಮದ ಪ್ರಕಾರ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಲೇಬೇಕು. "ಪೇಪರ್ ಎಲ್ಲ ಆಮೇಲೆ ಕೊಡ್ತೀನಿ ಸಾರ್" ಎನ್ನುವವರ ಹತ್ತಿರ ಮರಿಯ ಮುಖವನ್ನೂ ನೋಡಬೇಡಿ. ನೋಡಿದರೆ ಕೊಳ್ಳುತ್ತೀರಿ.

ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ಅಂಗೈ ಮೇಲೆ ಕೂತ ಸಲ್ಕಾಟಾ ಬೆಳೆದರೆ 40–50 ಕೆಜಿ ತೂಗುತ್ತದೆ, ಗಂಡು ಅದಕ್ಕೂ ಹೆಚ್ಚು. 70 ವರ್ಷ ಬಾಳುತ್ತದೆ. ನೆಲದೊಳಗೆ ಸುರಂಗ ತೋಡುವ ಹವ್ಯಾಸ ಬೇರೆ. ಮೂರನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲಾಟಿನವರು ಮರಿ ತರುವ ಮುಂಚೆ ಊರಲ್ಲಿ ತೋಟವಿರುವ ಅಣ್ಣನ ಜೊತೆ ಸಂಬಂಧ ಸುಧಾರಿಸಿಕೊಳ್ಳುವುದು ಒಳ್ಳೆಯದು. 30×40 ಸೈಟಿನಲ್ಲಿ ಮನೆ ಕಟ್ಟಿದವರಿಗೂ ಕಾಂಪೌಂಡಿನ ಪಾಯ ನೆನಪಿರಲಿ.

ಪೆಟ್ಟಿಗೆಯ ಮಾತಿಗೆ ಬಂದರೆ, ಮೊದಲ ಎಡವಟ್ಟು ಅಟ್ಟದ ಮೇಲಿರುವ ಹಳೇ ಮೀನಿನ ತೊಟ್ಟಿ. "ಹೇಗೂ ಇದೆಯಲ್ಲ" ಎಂದು ಇಳಿಸುತ್ತಾರೆ. ಗಾಜು ಎಂಬ ವಸ್ತು ಲೋಕದಲ್ಲಿದೆ ಎಂದು ಆಮೆ ಕೊನೆಯವರೆಗೂ ಒಪ್ಪುವುದಿಲ್ಲ. ಆಚೆ ಕಾಣುವ ಸೋಫಾದ ಕಡೆ ದಿನವಿಡೀ ಕಾಲು ಕೆರೆಯುತ್ತಲೇ ಇರುತ್ತದೆ. ನೋಡಿದವರು "ಎಷ್ಟು ಚುರುಕಾಗಿದೆ!" ಎನ್ನುತ್ತಾರೆ. ಅದು ಗಾಬರಿ. ತೊಟ್ಟಿಯನ್ನೇ ಬಳಸಬೇಕೆಂದಿದ್ದರೆ ನಾಲ್ಕೂ ಕಡೆ ಹೊರಗಿನಿಂದ ದಪ್ಪ ಕಾಗದ ಅಂಟಿಸಿ. ಯಾವ ಕಾರಣಕ್ಕೂ ಬಿಸಿಲಿಗೆ ಇಡಬೇಡಿ. ಗಾಜಿನ ತೊಟ್ಟಿ ಬಿಸಿಲಲ್ಲಿ ಕೆಲವೇ ನಿಮಿಷಗಳಲ್ಲಿ ಮರಿಯನ್ನು ಬೇಯಿಸಿಬಿಡುತ್ತದೆ.

ಬಡಗಿಯಿಂದ ಮಾಡಿಸುವುದಾದರೆ 4 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಎತ್ತರ. 12 ಮಿಲಿಮೀಟರಿನ, ನೀರು ತಾಳುವ 710 ದರ್ಜೆಯ ಪ್ಲೈವುಡ್ಡಿನ 8×4 ಹಾಳೆ ಒಂದೇ ಸಾಕು. ಉದ್ದಕ್ಕೆ ಒಂದೂವರೆ ಅಡಿಯ ಪಟ್ಟಿ ಸೀಳಿ ನಡುವೆ ಕತ್ತರಿಸಿದರೆ ಉದ್ದನೆಯ ಎರಡು ಗೋಡೆಗಳು ಬಂದವು. 2 ಅಡಿಯ ಇನ್ನೊಂದು ಪಟ್ಟಿಯಲ್ಲಿ ತಳವೂ ಗಿಡ್ಡ ಗೋಡೆಗಳೂ ಸಿಕ್ಕವು. ಬಡಗಿ ತಲೆ ಕೆರೆದುಕೊಂಡು "ಸಾರ್, ಇದಕ್ಕೊಂದು ಡ್ರಾಯರ್ ಕೊಟ್ಬಿಡ್ಲಾ?" ಎಂದು ಕೇಳಿಯೇ ಕೇಳುತ್ತಾನೆ. ಬೇಡ. ಒಳಗೆ ತಳದಿಂದ ಅರ್ಧ ಅಡಿ ಎತ್ತರದವರೆಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ತೂತಾಗದಂತೆ ಹಾಸಿಸಿ, ಇಲ್ಲದಿದ್ದರೆ 710 ದರ್ಜೆಯೂ ಕ್ರಮೇಣ ಊದಿಕೊಳ್ಳುತ್ತದೆ. ಅಂಟಿನ ವಾಸನೆ ಪೂರ್ತಿ ಹೋಗುವ ತನಕ ಪೆಟ್ಟಿಗೆ ಖಾಲಿಯಾಗಿ ಗಾಳಿಗಿರಲಿ. ಮೇಲ್ಗಡೆ ಮುಕ್ಕಾಲು ಭಾಗಕ್ಕೆ ಪಾಲಿಕಾರ್ಬೊನೇಟ್ ಮುಚ್ಚಳ, ಅದಕ್ಕೊಂದು ಚಿಲಕ. ಚಿಲಕ ಯಾರಿಗೆಂದು ಹೇಳಬೇಕಿಲ್ಲ.

ಪೆಟ್ಟಿಗೆಯನ್ನು ನೆಲದ ಮೇಲಿಡದೆ ಮೇಜಿನ ಮೇಲಿಡಿ, ಮೇಜಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿಡಿ. ಬೆಂಗಳೂರಿನ ಇರುವೆಗಳು ಮಲಗಿದ ಮರಿಯ ಕಣ್ಣನ್ನೇ ಹುಡುಕಿಕೊಂಡು ಬರುತ್ತವೆ. ಇರುವೆ ಓಡಿಸುವ ಸೀಮೆಸುಣ್ಣ ವಿಷ, ಅದರ ಗೆರೆ ಪೆಟ್ಟಿಗೆಯ ಹತ್ತಿರ ಬೇಡವೇ ಬೇಡ. ಬಟ್ಟಲಿನ ನೀರನ್ನು ವಾರಕ್ಕೆರಡು ಸಲ ಬದಲಿಸಿ, ಇಲ್ಲದಿದ್ದರೆ ಇರುವೆ ಹೋಗಿ ಡೆಂಗಿ ಸೊಳ್ಳೆ ಬಂದೀತು.

ಒಳಗೆ ಏನು ಹಾಸಬೇಕೆಂಬುದಕ್ಕೆ ಪ್ರತಿ ಮನೆಯಲ್ಲೂ ಒಂದು ಸಿದ್ಧಾಂತವಿರುತ್ತದೆ. ದಿನಪತ್ರಿಕೆ ಹಾಸಿದರೆ ಕಾಲು ಜಾರಿ ಅಡ್ಡಡ್ಡವಾಗಿ ಬೆಳೆಯುತ್ತದೆ. ಮರಳನ್ನು ಸೊಪ್ಪಿನ ಜೊತೆ ನುಂಗಿದರೆ ಕರುಳು ಕಟ್ಟುತ್ತದೆ. ಮರದ ಹೊಟ್ಟು ಒಣಕಲು, ಧೂಳು. ಒಳ್ಳೆಯದು ನರ್ಸರಿಯಲ್ಲಿ ಸಿಗುವ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್. 3 ಅಂಗುಲ ದಪ್ಪ ಹಾಸಲು ಸುಮಾರು 57 ಲೀಟರ್ ಬೇಕು. ಒಣಗಿಸಿ ಒತ್ತಿದ 5 ಕೆಜಿಯ ಒಂದು ಕೋಕೋಪೀಟ್ ಇಟ್ಟಿಗೆ ನೆನೆದರೆ 60–70 ಲೀಟರ್ ಆಗುತ್ತದೆ. ಈ ಲೆಕ್ಕ ಗೊತ್ತಿಲ್ಲದವರು ಇಟ್ಟಿಗೆಯನ್ನು ಸ್ನಾನದ ಬಕೆಟ್ಟಿಗೆ ಹಾಕಿ ನೀರು ಬಿಟ್ಟು ಸೀರಿಯಲ್ ನೋಡಲು ಕೂರುತ್ತಾರೆ. ಜಾಹೀರಾತು ಬರುವಷ್ಟರಲ್ಲಿ ಕೋಕೋಪೀಟ್ ಬಕೆಟ್ ದಾಟಿ, ಬಚ್ಚಲಿಗಿಳಿದು, ಜಾಲರಿ ಕಟ್ಟಿಸಿ, ಪ್ಲಂಬರನ್ನು ಮನೆಗೆ ಕರೆಸಿಕೊಂಡಿರುತ್ತದೆ. ಇಟ್ಟಿಗೆಯನ್ನು ಒಡೆದು, ಟಬ್ಬಿನಲ್ಲಿ ಸ್ವಲ್ಪಸ್ವಲ್ಪವಾಗಿ ನೆನೆಸಿ, ಉಪ್ಪಿನಂಶ ಹೋಗಲು ಒಮ್ಮೆ ತೊಳೆದು, ಹಿಂಡಿ ಹಾಕಿ. ಮುಷ್ಟಿಯಲ್ಲಿ ಹಿಂಡಿದರೆ ನಾಲ್ಕು ಹನಿ ಬರಬೇಕು, ಧಾರೆ ಸುರಿಯಬಾರದು.

ಹಸಿಯಾಗಿ ಏಕಿರಬೇಕು? ಮರುಭೂಮಿ ಅಂಚಿನ ಆಮೆಯಲ್ಲವೇ ಎಂದು ಗೂಗಲ್ ಓದಿದ ಭಾವ ಕೇಳುತ್ತಾರೆ. ಅಂಚು ಒಣಗಿರುತ್ತದೆ ನಿಜ, ಆದರೆ ಅಲ್ಲಿ ಮರಿಗಳು ಅಡಗುವ ಬಿಲದೊಳಗೆ ತೇವವಿರುತ್ತದೆ. ಒಣ ಪೆಟ್ಟಿಗೆಯಲ್ಲಿ ಬೆಳೆದ ಮರಿಯ ಬೆನ್ನಿನ ಪ್ರತಿ ಫಲಕವೂ ಗುಡ್ಡೆಯಾಗಿ ಮೇಲೇಳುತ್ತದೆ. ಮನೆಯವರು "ಗೋಪುರ ಎಷ್ಟು ಚೆನ್ನಾಗಿ ಬಂದಿದೆ" ಎಂದು ಫೋಟೊ ತೆಗೆಯುತ್ತಾರೆ; ಅದು ವಿಕಾರ, ಒಮ್ಮೆ ಬಂದರೆ ಹೋಗದು. ಪ್ರೋಟೀನ್ ಹೆಚ್ಚಾಗಿ ಹೀಗಾಗುತ್ತದೆ ಎಂದು ಬಹುಕಾಲ ನಂಬಿದ್ದರು. ವಿಯೆನ್ನಾದ ಸಂಶೋಧಕರು 2003ರಲ್ಲಿ ಸಲ್ಕಾಟಾ ಮರಿಗಳ ಮೇಲೆಯೇ ಪ್ರಯೋಗ ಮಾಡಿ, ಮುಖ್ಯ ಕಾರಣ ಗಾಳಿಯ ತೇವ ಕಡಿಮೆಯಿರುವುದು ಎಂದು ತೋರಿಸಿದರು. ತೇವ 70–80 ಶೇಕಡಾ ಇರಲಿ. ಮಾರ್ಚ್ ತಿಂಗಳ ಬೆಂಗಳೂರಿನಲ್ಲಿ ಮುಚ್ಚಳವಿಲ್ಲದೆ ಇದು ಸಾಧ್ಯವೇ ಇಲ್ಲ. ಮೇಲಿನಿಂದ ನೀರು ಚಿಮುಕಿಸುವ ಬದಲು ಮೂಲೆಗಳಲ್ಲಿ ಉಗುರುಬೆಚ್ಚಗಿನ ನೀರು ಸುರಿದರೆ ಅಡಿಪದರ ಹಸಿಯಾಗಿದ್ದು ಮೇಲ್ಪದರ ಹದವಾಗಿರುತ್ತದೆ.

ಆದರೆ ತೇವದ ಜೊತೆ ತಣುಪು ಸೇರಿತೋ, ನ್ಯುಮೋನಿಯ. ನಿಜವಾದ ನಾಟಕ ಶುರುವಾಗುವುದು ಇಲ್ಲೇ. ಬೆಂಗಳೂರಿನ ಜನವರಿಯ ರಾತ್ರಿ 15–16 ಡಿಗ್ರಿಗೆ ಇಳಿಯುತ್ತದೆ. ಮರಿಗೆ ರಾತ್ರಿಯೂ 26 ಡಿಗ್ರಿ ಬೇಕು. ಮರಿ ತಣ್ಣಗಾಗಿ ಕೈಕಾಲು ಒಳಗೆಳೆದುಕೊಂಡು ಕೂತರೆ ಹಿರಿಯರು ಮೆಚ್ಚಿ "ನೋಡು, ಸ್ಥಿತಪ್ರಜ್ಞ!" ಎನ್ನುತ್ತಾರೆ. 18 ಡಿಗ್ರಿಯಲ್ಲಿ ಎಲ್ಲ ಆಮೆಗಳೂ ಸ್ಥಿತಪ್ರಜ್ಞರೇ. ಹೊಟ್ಟೆಯಲ್ಲಿರುವ ಸೊಪ್ಪು ಅರಗದೆ ಕೂತಿರುತ್ತದೆ, ಮೂಗಿನಲ್ಲಿ ಗುಳ್ಳೆ ಬರುತ್ತದೆ. ಎದೆ–ಹೊಟ್ಟೆಯ ನಡುವೆ ನಮಗಿರುವ ವಪೆ ಆಮೆಗಿಲ್ಲ, ಹಾಗಾಗಿ ಕೆಮ್ಮಿ ಕಫ ಹೊರಹಾಕಲೂ ಅದಕ್ಕಾಗದು.

ಪೆಟ್ಟಿಗೆಯ ಒಂದು ತುದಿಯಲ್ಲಿ ಮೈ ಕಾಯಿಸುವ ದೀಪ, ಅದರ ಕೆಳಗೆ 35–37 ಡಿಗ್ರಿ; ಇನ್ನೊಂದು ತುದಿ 26–27. ಎಲ್ಲಿ ಬೇಕೋ ಅಲ್ಲಿಗೆ ಮರಿಯೇ ಹೋಗುತ್ತದೆ. ದೀಪ ತರಲು ಹೋದ ಮಗ 9 ವಾಟಿನ ಎಲ್‌ಇಡಿ ತರುತ್ತಾನೆ, "ಕರೆಂಟ್ ಉಳಿಯುತ್ತೆ ಅಪ್ಪಾ" ಎನ್ನುತ್ತಾನೆ. ಎಲ್‌ಇಡಿ ಮರಿಯ ಮೈ ಕಾಯಿಸುವುದಿಲ್ಲ. 50–60 ವಾಟಿನ ಹ್ಯಾಲೊಜನ್ ಬೇಕು. ರಾತ್ರಿಗೆ ಬೆಳಕಿಲ್ಲದೆ ಶಾಖ ಕೊಡುವ 100 ವಾಟಿನ ಸೆರಾಮಿಕ್ ಹೀಟರ್, ಅದೂ ಪಿಂಗಾಣಿ ಹೋಲ್ಡರಿನಲ್ಲಿ. ಪ್ಲಾಸ್ಟಿಕ್ ಹೋಲ್ಡರ್ ಕರಗಿ ಕೆಳಗೆ ಬೀಳುತ್ತದೆ. ಎಸ್.ಪಿ. ರೋಡಿನಲ್ಲಿ ಸಿಗುವ ಸಣ್ಣ ಡಿಜಿಟಲ್ ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಹಾಕಲೇಬಾರದು. ಅದರ ಸೆನ್ಸರನ್ನು ಮರಿಯ ಬೆನ್ನಿನ ಎತ್ತರದಲ್ಲಿ ಗೋಡೆಗೆ ಭದ್ರವಾಗಿ ಕಟ್ಟಿ. ಕಟ್ಟದಿದ್ದರೆ ಏನಾಗುತ್ತದೆ? ಒರೆಸುವಾಗ ಯಾರೋ ಅದನ್ನು ಎತ್ತಿ ಪೆಟ್ಟಿಗೆಯ ಹೊರಗೆ ಹಾಕುತ್ತಾರೆ. ಥರ್ಮೋಸ್ಟಾಟ್ ಹಜಾರದ ಚಳಿಯನ್ನು ಅಳೆದು, ಕನಿಕರಪಟ್ಟು, ಹೀಟರನ್ನು ರಾತ್ರಿಯಿಡೀ ಉರಿಸುತ್ತದೆ. ಕೋವಿಡ್ ಕಾಲದ ಹಣೆಗೆ ಹಿಡಿಯುವ ಗನ್ ಇದ್ದರೆ ಅದನ್ನು ಮೇಲ್ಮೈ ಅಳೆಯುವ ಮೋಡ್‌ಗೆ ತಿರುಗಿಸಿ ಬಳಸಬಹುದು. ಮೈಜ್ವರದ ಮೋಡ್‌ನಲ್ಲಿ ಅದು 32ರ ಕೆಳಗೆ ಏನನ್ನೂ ಹೇಳುವುದಿಲ್ಲ.

ಕರೆಂಟಿನ ಲೆಕ್ಕ ಯಜಮಾನರಿಗೆ ಮೊದಲೇ ಒಪ್ಪಿಸಿಬಿಡಿ. ಹ್ಯಾಲೊಜನ್ 60 ವಾಟ್, ಟ್ಯೂಬ್ 24 ವಾಟ್ ಹಗಲು 12 ಗಂಟೆ. ಹೀಟರ್ ರಾತ್ರಿ 12 ಗಂಟೆ ಪೂರ್ತಿ ಉರಿದರೂ ದಿನಕ್ಕೆ 2.2 ಯೂನಿಟ್, ತಿಂಗಳಿಗೆ ಸುಮಾರು 66. ಗೃಹಜ್ಯೋತಿಯಲ್ಲಿ 150ರ ಆಸುಪಾಸಿನಲ್ಲಿ ನೆಮ್ಮದಿಯಾಗಿದ್ದ ಮನೆ 200 ದಾಟಿ ಪೂರ್ತಿ ಬಿಲ್ ಕಟ್ಟುವ ತಿಂಗಳು ಆಮೆಮರಿಯ ಜಾತಕದಲ್ಲಿ ಅತ್ಯಂತ ಕೆಟ್ಟ ತಿಂಗಳು.

ಆ ಟ್ಯೂಬ್ ಯಾವುದೆಂದರೆ ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಸೂಸುವ ಯುವಿಬಿ. ಅದಿಲ್ಲದೆ ಡಿ3 ವಿಟಮಿನ್ ಹುಟ್ಟುವುದಿಲ್ಲ, ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಚಿಪ್ಪು ಹಪ್ಪಳವಾಗುತ್ತದೆ. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಲ್ಲಿ ಯುವಿಬಿ ಉಳಿದಿರುವುದಿಲ್ಲ. ಉದ್ದನೆಯ ಟಿ5 ಟ್ಯೂಬನ್ನು ಮರಿಯಿಂದ 30–45 ಸೆಂಟಿಮೀಟರ್ ಎತ್ತರದಲ್ಲಿ, ಮುಚ್ಚಳದ ಒಳಬದಿಗೆ ಕಟ್ಟಿ, ಬೆಳಕು ಇದ್ದರೂ ಯುವಿಬಿ ಕುಗ್ಗುವುದರಿಂದ ವರ್ಷಕ್ಕೊಮ್ಮೆ ಬದಲಿಸಿ. ಕ್ರಿಮಿ ಕೊಲ್ಲುವ ಯುವಿಸಿ ದೀಪವನ್ನು "ಇದೂ ಯುವಿನೇ" ಎಂದು ತಂದು ಹಾಕಿದರೆ ಮರಿಯ ಕಣ್ಣೂ ಹೋಗುತ್ತದೆ, ನಿಮ್ಮದೂ. ಬೆಳಗಿನ ಎಳೆಬಿಸಿಲಿನಲ್ಲಿ, ನೆರಳಿನ ಮೂಲೆಯಿರುವ ಟಬ್ಬಿನಲ್ಲಿ 20 ನಿಮಿಷ ಬಿಟ್ಟರೆ ಇನ್ನೂ ಒಳ್ಳೆಯದು. ಟಬ್ಬಿನ ಮೇಲೆ ಜಾಲರಿ ಮರೆತರೆ ಹದ್ದೋ ಕಾಗೆಯೋ ಎತ್ತಿಕೊಂಡು ಹೋಗುತ್ತದೆ.

ನೀರಿಗೆ ಹೂಕುಂಡದ ಕೆಳಗಿಡುವ ಮಣ್ಣಿನ ತಟ್ಟೆ, ಅಂಚು ಕೋಕೋಪೀಟಿಗೆ ಸಮನಾಗುವಂತೆ ಹೂತಿಟ್ಟು ಒಂದು ಸೆಂಟಿಮೀಟರ್ ನೀರು. ಪಾಯಸದ ಬಟ್ಟಲು ಕಡಿದಾದ ಬಾವಿ. ಹತ್ತಲು ಹೋಗಿ ಬೆನ್ನಡಿಯಾದ ಮರಿ ಎರಡು ಇಂಚು ನೀರಿನಲ್ಲಿ ಮುಳುಗುತ್ತದೆ. ಅಡಗಲು ಅರ್ಧ ಒಡೆದ ಹೂಕುಂಡ ಸಾಕು. ಪ್ರತಿದಿನ 33–35 ಡಿಗ್ರಿಯ ನೀರಿನಲ್ಲಿ, ಗಲ್ಲದ ಮಟ್ಟಕ್ಕೆ, 15–20 ನಿಮಿಷ ನೆನೆಸಬೇಕು. ಆಮೆ ನೀರು ಕುಡಿದು ಅಲ್ಲೇ ಎಲ್ಲ ವಿಸರ್ಜನೆ ಮುಗಿಸುತ್ತದೆ. ಆದ್ದರಿಂದ ಟಬ್ ಪ್ರತ್ಯೇಕವಿರಲಿ, ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ, ಮಕ್ಕಳು ಸೋಪಿನಿಂದ ಕೈ ತೊಳೆಯಲಿ. ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯ ಆಮೆಯ ಹೊಟ್ಟೆಯಲ್ಲಿ ಸುಖವಾಗಿರುತ್ತದೆ, ನಮ್ಮ ಹೊಟ್ಟೆಯಲ್ಲಿ ಇರುವುದಿಲ್ಲ.

ಊಟಕ್ಕೆ ಗಣಪತಿಗೆ ತಂದ ಗರಿಕೆಯಿಂದ ಶುರು ಮಾಡಿ. ದಾಸವಾಳದ ಎಲೆ–ಹೂ, ಹಿಪ್ಪುನೇರಳೆ ಎಲೆ, ಸ್ವಲ್ಪ ನುಗ್ಗೆಸೊಪ್ಪು, ಮುಳ್ಳು ತೆಗೆದ ಪಾಪಾಸುಕಳ್ಳಿ. ಪಾಲಕ್, ದಂಟು ಅಪರೂಪಕ್ಕೆ. ಅವುಗಳಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಕದಿಯುತ್ತದೆ. ಟೊಮೆಟೊ, ಬಾಳೆಹಣ್ಣು, ಅನ್ನ, ಬ್ರೆಡ್, ಹಾಲು ಬೇಡ. ಕಣಗಿಲೆ, ಕ್ರೋಟನ್, ಮನಿಪ್ಲಾಂಟ್ ಹತ್ತಿರವೂ ಬೇಡ. ತಟ್ಟೆಯ ಬದಲು ಕಡಪಾ ಕಲ್ಲಿನ ಒಡೆದ ಚೂರು ಇಟ್ಟರೆ ಕೊಕ್ಕೂ ಉಗುರೂ ಸವೆಯುತ್ತವೆ. ವಾರಕ್ಕೆ ಮೂರು ಸಲ ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಉದುರಿಸಿ. "ಕ್ಯಾಲ್ಸಿಯಂ ಅಂದ್ರೆ ಸುಣ್ಣ ತಾನೇ?" ಎಂದು ಅಜ್ಜಿ ಎಲೆಅಡಿಕೆಯ ಡಬ್ಬಿ ತೆಗೆಯುತ್ತಾರೆ. ಅಜ್ಜಿಯ ರಸಾಯನಶಾಸ್ತ್ರ ತಪ್ಪಿಲ್ಲ, ಆದರೆ ಆ ಸುಣ್ಣ ಮರಿಯ ಬಾಯಿಯನ್ನು ಸುಡುತ್ತದೆ.

ಚಿಕ್ಕಮ್ಮ ಹೇಳಿದ ಎರಡನೆಯ ಮರಿಯನ್ನು ತರಬೇಡಿ. ಎರಡಿದ್ದರೆ ಒಂದು ದೀಪದ ಕೆಳಗಿನ ಜಾಗ ಹಿಡಿಯುತ್ತದೆ, ಇನ್ನೊಂದು ಮೂಲೆಯಲ್ಲಿ ಬಡವಾಗುತ್ತದೆ. ಒಂದರ ಮೇಲೊಂದು ಮಲಗಿದ್ದನ್ನು ಕಂಡು "ಎಷ್ಟು ಅನ್ಯೋನ್ಯ" ಎನ್ನಬೇಡಿ. ಅದು ಸೈಟಿನ ಜಗಳ.

ಭಾನುವಾರ ಅಡುಗೆಮನೆಯ ತಕ್ಕಡಿಯಂಥದ್ದೇ ಇನ್ನೊಂದು ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಎರಡು ವಾರ ಸತತ ಇಳಿದರೆ, ಕಣ್ಣು ಊದಿ ಮುಚ್ಚಿದ್ದರೆ, ಸರೀಸೃಪ ನೋಡುತ್ತಾರೋ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಂಡು ವೈದ್ಯರ ಬಳಿ ಒಯ್ಯಿರಿ. ನಾಯಿ–ಬೆಕ್ಕು ಮಾತ್ರ ನೋಡುವ ಕ್ಲಿನಿಕ್ಕುಗಳೇ ಹೆಚ್ಚು.

ಸಂಕ್ರಾಂತಿಗೆ ಊರಿಗೆ ಹೊರಟಾಗ ಕೀಲಿಕೈ ಕೆಳಗಿನ ಮನೆಯ ಆಂಟಿಗೆ ಕೊಡುವಿರಷ್ಟೇ? ದೀಪ, ಟ್ಯೂಬ್ ಎರಡನ್ನೂ ಟೈಮರಿಗೆ ಹಾಕಿ, ಬೆಳಿಗ್ಗೆ 7ರಿಂದ ಸಂಜೆ 7. ಸ್ವಿಚ್ಚುಗಳ ಮೇಲೆ ಟೇಪ್ ಅಂಟಿಸಿ. ದಿನಕ್ಕೆ ಒಂದು ಹಿಡಿ ಸೊಪ್ಪು, ತಟ್ಟೆಗೆ ಹೊಸ ನೀರು, ಇಷ್ಟೇ ಎಂದು ಮುಚ್ಚಳದ ಮೇಲೆ ದೊಡ್ಡಕ್ಷರದಲ್ಲಿ ಬರೆದಿಡಿ. ಆದರೂ ರಾತ್ರಿ 11ಕ್ಕೆ ಫೋನ್ ಬರುತ್ತದೆ: "ಏನಮ್ಮಾ, ನಿಮ್ಮ ಆಮೆ ಅಲ್ಲಾಡ್ತಾನೇ ಇಲ್ಲ!" ಅಲ್ಲಾಡಬಾರದು, ಆಂಟಿ. ಅದು ಹಗಲು ಓಡಾಡುವ ಪ್ರಾಣಿ. ರಾತ್ರಿ 11ಕ್ಕೆ ಪೆಟ್ಟಿಗೆಯಲ್ಲಿ ತಿರುಗಾಡುತ್ತಿದ್ದರೆ ಟೈಮರನ್ನು ಯಾರೋ ಮುಟ್ಟಿದ್ದಾರೆಂದು ಅರ್ಥ.