ಬಲ್ಬು ಹಾಕುವ ಅಧಿಕಾರ ಯಾರದ್ದು?

ಅಮೆರಿಕದ ಸೈನ್ಯದವರು ತಮ್ಮ ಗಾಡಿ, ಜನರೇಟರುಗಳ ಕೈಪಿಡಿಯಲ್ಲಿ ಒಂದು ಪಟ್ಟಿ ಹಾಕಿರುತ್ತಾರೆ. ಯಾವ ಭಾಗ, ಅದಕ್ಕೆ ಏನು ಮಾಡಬೇಕು, ಯಾರು ಮಾಡಬೇಕು, ಎಷ್ಟು ಹೊತ್ತು, ಯಾವ ಹತಾರ, ಎಲ್ಲ ಅದರಲ್ಲೇ. ನೋಡುವ ಕೆಲಸ ಬೇರೆ, ಪರೀಕ್ಷೆ ಬೇರೆ, ಬದಲಾಯಿಸುವುದು ಬೇರೆ, ರಿಪೇರಿ ಬೇರೆ, ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವುದು ಮತ್ತೂ ಬೇರೆ. ಹೊತ್ತಿನ ಲೆಕ್ಕವಂತೂ ದಶಮಾಂಶದಲ್ಲಿ. 0.1 ಅಂದರೆ ಗಂಟೆಯ ಹತ್ತರಲ್ಲೊಂದು ಪಾಲು, 6 ನಿಮಿಷ. ಗಾಡಿ ಓಡಿಸುವವನು ಎಣ್ಣೆ, ನೀರು, ಟೈರು ನೋಡಿಕೊಳ್ಳಬಹುದು. ಎಂಜಿನ್ ಬಿಚ್ಚಿ ಕಟ್ಟುವುದಕ್ಕೆ ಡಿಪೋದವರೇ ಬೇಕು. ಮೊದಲು ಇಂಥ ನಾಲ್ಕು ಹಂತ ಇದ್ದವು, ಆಮೇಲೆ ಎರಡಕ್ಕೆ ಇಳಿಸಿದರು.

ಇಷ್ಟೆಲ್ಲ ಓದಿ ಒಂದು ನಟ್ಟು ತಿರುಗಿಸೋಕೆ ಇಷ್ಟು ರಾಮಾಯಣವಾ ಅಂತ ನಕ್ಕು, ನಮ್ಮ ಹವಾಲ್ದಾರ್ ಮಾವನಿಗೆ ಹೇಳಿದೆ. ಮಾವ ನಮ್ಮ ಸೈನ್ಯದ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತಿಯಾಗಿ ಬಂದವರು. ಈಗ ತೀರ್ಥಹಳ್ಳಿ ಕಡೆ ಅಡಿಕೆ ತೋಟ, ಜೊತೆಗೊಂದು ಹಳೇ ಜೀಪು. ಜೀಪಿನ ಎಲ್ಲಾ ಹಂತಗಳೂ ಅವರೇ.

"ನಗಬೇಡ ಮಾರಾಯ. ಅಲ್ಲಿ ಗಾಡಿ ಕೆಟ್ಟರೆ ಯಾರಿಗೆ ಬೈಯಬೇಕು ಅಂತಾದ್ರೂ ಗೊತ್ತಿರ್ತಿತ್ತು" ಅಂದರು.

ಮಾವ ಹೇಳುವ ಹಳೇ ಕತೆಯೂ ಚೆನ್ನಾಗಿದೆ. ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸೈನ್ಯದಲ್ಲಿ ರಿಪೇರಿ ಕೆಲಸ ಒಂದೇ ಕಡೆ ಇರಲಿಲ್ಲ. ಸಾಮಾನು ಪೂರೈಸುವವರು, ಸಾಗಾಣಿಕೆಯವರು, ಎಂಜಿನಿಯರುಗಳು, ಎಲ್ಲರೂ ತಮ್ಮ ತಮ್ಮ ಮೆಕ್ಯಾನಿಕ್‌ಗಳನ್ನು ಬೇರೆ ಬೇರೆ ಇಟ್ಟುಕೊಂಡಿದ್ದರು. ಯುದ್ಧ ಕುತ್ತಿಗೆಗೆ ಬಂದ ಮೇಲೆ ಇದು ಹುಚ್ಚಾಟ ಅಂತ ಹೊಳೆದು, 1942ರಲ್ಲಿ ಎಲ್ಲರನ್ನೂ ಸೇರಿಸಿ ಒಂದೇ ದಳ ಮಾಡಿದರು. ಮರುವರ್ಷ, 1943ರ ಅಕ್ಟೋಬರ್ 15ಕ್ಕೆ, ಭಾರತದಲ್ಲೂ ಹಾಗೇ ಆಯಿತು. ಅದೇ ಇವತ್ತಿನ ಇಎಂಇ, ಅಂದರೆ ನಮ್ಮ ಸೈನ್ಯದ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರುಗಳ ದಳ. ಸಣ್ಣಪುಟ್ಟದ್ದು ಗಾಡಿ ಇರುವ ಕಡೆಯೇ, ಅದಕ್ಕಿಂತ ದೊಡ್ಡದು ಫೀಲ್ಡ್ ವರ್ಕ್‌ಶಾಪಿನಲ್ಲಿ, ಪೂರ್ತಿ ಬಿಚ್ಚುವಂಥದ್ದು ಬೇಸ್ ವರ್ಕ್‌ಶಾಪಿನಲ್ಲಿ. ಬೆಂಗಳೂರಿನ ಹಲಸೂರಲ್ಲೂ ಅಂಥದ್ದೊಂದಿದೆ.

ಯುದ್ಧ ಮಾಡುವವರಿಗೇ ಇದು ಅರ್ಥವಾಯಿತು. ನಮ್ಮೂರ ಬಸ್‌ಸ್ಟ್ಯಾಂಡ್ ಮುಂದಿನ ಬೀದಿದೀಪಕ್ಕೆ ಮಾತ್ರ ಇನ್ನೂ ಆ ಜ್ಞಾನೋದಯ ಆಗಿಲ್ಲ.

ದೀಪ ಹೋಗಿದ್ದು ಆರಿದ್ರಾ ಮಳೆಯಲ್ಲಿ. ಕಂಬ ಕರೆಂಟಿನವರದ್ದು. ಬಲ್ಬು ಪಂಚಾಯ್ತಿದು. ಬಲ್ಬು ಹಾಕುವ ಹುಡುಗ ಗುತ್ತಿಗೆದಾರನವನು, ಏಣಿಯೂ ಅವನದ್ದೇ, ಆದರೆ ಆ ಏಣಿ ಯಾವಾಗಲೂ ಪಕ್ಕದ ಊರಲ್ಲಿ ಇರುತ್ತದೆ. ತಂತಿ ಮೇಲೆ ಒರಗಿದ್ದು ಹಲಸಿನ ಕೊಂಬೆ, ಮರ ನಿಂತಿರುವುದು ರಸ್ತೆಯವರ ಜಾಗದಲ್ಲಿ, ಕೊಂಬೆ ಕಡಿಯಬೇಕಾದರೆ ಅರಣ್ಯದವರನ್ನು ಕೇಳಬೇಕು. ಕೊಂಬೆ ತೆಗೆಯದೆ ಬಲ್ಬು ಹಾಕಿ ಪ್ರಯೋಜನ ಇಲ್ಲ ಅಂತ ಪಂಚಾಯ್ತಿ, ಬಲ್ಬೇ ಇಲ್ಲದ ಕಂಬಕ್ಕೆ ಕೊಂಬೆ ಯಾಕೆ ಕಡಿಯಬೇಕು ಅಂತ ಉಳಿದವರು. ಹಣ್ಣು ಬಿಟ್ಟಾಗ ಮಾತ್ರ ಆ ಮರ ಯಾರದ್ದು ಅಂತ ಯಾರೂ ಕೇಳಿದ್ದಿಲ್ಲ.

ಹಾಗಂತ ಕೆಲಸವೇ ನಡೆಯಲಿಲ್ಲ ಅಂದರೆ ಅನ್ಯಾಯವಾಗುತ್ತದೆ. ಸೈನ್ಯದ ಪಟ್ಟಿಯ ಮೊದಲ ಕೆಲಸ, ಅಂದರೆ ನೋಡುವುದು, ನಮ್ಮಲ್ಲಿ ಬಹಳ ಚೆನ್ನಾಗಿ ನಡೆಯುತ್ತದೆ. ಕರೆಂಟಿನವರು ಬಂದು ನೋಡಿದರು. ಪಂಚಾಯ್ತಿಯವರು ಕೊಡೆ ಹಿಡಿದುಕೊಂಡು ನೋಡಿದರು. ಅಧ್ಯಕ್ಷರು ಕಾರಿನ ಗಾಜು ಇಳಿಸಿ ನೋಡಿದರು, ಮಳೆ ಜಾಸ್ತಿ ಇತ್ತು, ಏರಿಸಿಕೊಂಡರು. ಮೊಬೈಲಿನಲ್ಲಿ ದೂರು ಕೊಟ್ಟಿದ್ದಕ್ಕೆ ಒಬ್ಬ ಹುಡುಗ ಬೈಕಲ್ಲಿ ಬಂದು ಫೋಟೊ ತೆಗೆದುಕೊಂಡು ಹೋದ. ಮಟಮಟ ಮಧ್ಯಾಹ್ನ. ಸಂಜೆಗೆ ಮೆಸೇಜ್ ಬಂತು: "ಪರಿಶೀಲಿಸಲಾಗಿದೆ. ಹಗಲು ವೇಳೆ ದೀಪ ಆರಿರುವುದು ಕಂಡುಬಂದಿದೆ. ದೂರು ಮುಕ್ತಾಯಗೊಳಿಸಲಾಗಿದೆ." ಬೀದಿದೀಪ ಹಗಲು ಆರಿರಬೇಕು ತಾನೇ? ತಪ್ಪು ಎಲ್ಲಿದೆ ಹೇಳಿ.

ಪುನರ್ವಸು ಹೋಯಿತು, ಪುಷ್ಯ ಹೋಯಿತು. ಕಡೇ ಬಸ್ಸಿಗೆ ಇಳಿದವರು ಮೊಬೈಲ್ ಟಾರ್ಚಿನಲ್ಲಿ ಮೋರಿ ಹುಡುಕಿಕೊಂಡು ದಾಟುತ್ತಿದ್ದರು. ಉಂಬಳದ ಕಾಟ ಬೇರೆ. ಆಶ್ಲೇಷ ಮಳೆ ಸ್ವಲ್ಪ ಹೊಳವಾದ ಒಂದು ದಿನ ಮಾವನಿಗೆ ತಡೆಯಲಾಗಲಿಲ್ಲ. ಗುರುತಿನ ಲೈನ್‌ಮನ್‌ಗೆ ಎರಡು ಲೋಟ ಕಾಫಿ ಕುಡಿಸಿ, ಲೈನ್ ತೆಗೆಸಿ, ಜೀಪಿನ ಟಾಪಿನ ಮೇಲೆ ತೋಟದ ಏಣಿ ಹಾಕಿ, ದೋಟಿಗೆ ಕತ್ತಿ ಕಟ್ಟಿ ಕೊಂಬೆ ಕೆಡವಿ, ಸ್ವಂತ ದುಡ್ಡಿನ ಬಲ್ಬು ಹಾಕಿಸಿಯೇಬಿಟ್ಟರು. ಬಲ್ಬಿಗೆ ಹಿಡಿದದ್ದು 0.1 ಗಂಟೆಗಿಂತ ಕಡಿಮೆ.

ಮರುದಿನವೇ ನಾಲ್ಕೂ ಕಡೆಯವರು ಬಂದರು. ಇಷ್ಟು ದಿನ ಒಬ್ಬರಿಗೊಬ್ಬರು ಮುಖ ತೋರಿಸದವರು ಒಂದೇ ಅಂಗಡಿಯಲ್ಲಿ ಕೂತು ಟೀ ಕುಡಿದರು. ಅನುಮತಿ ಇಲ್ಲದೆ ಬಲ್ಬು ಹಾಕಿದ್ದು ಯಾರು, ಆ ಬಲ್ಬನ್ನು ಯಾವ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಕೆಡವಿದ ಕೊಂಬೆ ಸೌದೆಗೆ ಹೋಯಿತಾ, ಬಲ್ಬು ಬಿದ್ದರೆ ಯಾರು ಜವಾಬ್ದಾರಿ. ಮಾವ ತೋಟದಲ್ಲಿ ಔಷಧಿ ಹೊಡೆಸುತ್ತಿದ್ದರು, ಸಿಗಲಿಲ್ಲ.

ದೀಪ ಈಗ ಉರಿಯುತ್ತಿದೆ, ಏನೂ ತೊಂದರೆ ಇಲ್ಲ. ಒಂದೇ ಸಮಸ್ಯೆ, ಹಗಲೂ ಉರಿಯುತ್ತಿದೆ. ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಇದೆ, ಬೀಗದ ಕೈ ಯಾರ ಹತ್ತಿರ ಅಂತ ಯಾರೂ ಬಾಯಿ ಬಿಡುತ್ತಿಲ್ಲ. ಆರಿಸೋದು ಯಾರ ಕೆಲಸ ಅಂತ ಆಫೀಸಿಗೆ ಹೋಗಿ ಕೇಳಿದೆ. ಅಲ್ಲಿದ್ದವರು ತುಂಬಾ ಸಮಾಧಾನದಿಂದ ಹೇಳಿದರು:

"ನೀವ್ಯಾಕೆ ಸುಮ್ನೆ ತಲೆ ಕೆಡಿಸ್ಕೊಳ್ತೀರಿ ಸಾರ್? ಹಿಂಗೇ ಉರೀತಿದ್ರೆ ಅದರಷ್ಟಕ್ಕೆ ಅದೇ ಸುಟ್ಟು ಹೋಗತ್ತೆ ಬಿಡಿ."