ಬಳ್ಳಾರಿಯಲ್ಲಿ ದುಡಿದದ್ದು ಲೆಕ್ಕಕ್ಕಿಲ್ವಾ?

ಭಾನುವಾರ ಬಳ್ಳಾರಿಯಲ್ಲಿ ನಮ್ಮ ಕಡೆಯವರದೊಂದು ಮದುವೆ ಇತ್ತು. ಊಟಕ್ಕೆ ಕೂತಾಗ ನನ್ನ ಪಕ್ಕ ಚಿಕ್ಕಮ್ಮನ ಮಗ ಇದ್ದ. ಬಿ.ಕಾಂ. ಮುಗಿಸಿ ಊರಲ್ಲೇ ಒಂದು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿನಲ್ಲಿ ಕೆಲಸಕ್ಕಿದ್ದಾನೆ. ಎದುರು ಸಾಲಿನಲ್ಲಿದ್ದ ಮಾವ ಒಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಅವನನ್ನು ಕೇಳಿದರು. “ಏನೋ, ಇನ್ನಾ ಇಲ್ಲೇ ಟೈಂಪಾಸ್ ಮಾಡ್ತಾ ಇದ್ದೀಯೇನು? ಬೆಂಗಳೂರಿಗೆ ಹೋಗಪ್ಪಾ. ನಿಮ್ಮಕ್ಕನ್ನ ನೋಡು. ಇಲ್ಲಿದ್ದಾಗ ಏನಿತ್ತು? ಹೋದ್ಮೇಲೆ ತಾನೇ ಲೈಫ್ ಶುರುವಾಗಿದ್ದು?”

ಅವರು ಹೇಳಿದ ಅಕ್ಕ ನಾನೇ. ಹುಡುಗ ತಲೆ ತಗ್ಗಿಸಿ ಎಲೆ ನೋಡುತ್ತಾ ಕೂತ. ನನಗೆ ಮೈಯೆಲ್ಲಾ ಉರಿಯಿತು. “ಮಾವಾ, ನಂದು ಇಲ್ಲೇ ಶುರುವಾಗಿದ್ದು” ಅಂದೆ. ಅವರು ನಕ್ಕು ಅನ್ನ ಬಡಿಸೋರನ್ನು ಕರೆದರು. ಮಾತು ಅಲ್ಲಿಗೇ ಮುಗಿಯಿತು. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಹಳೇ ಗೆಳೆಯರಿಗೆಲ್ಲಾ ಗೊತ್ತು. ಬೆಂಗಳೂರಿಗೆ ಹೋಗುವ ಮೊದಲು, 2019ರಲ್ಲಿ ಡಿಗ್ರಿ ಮುಗಿಸಿ 2022ರವರೆಗೆ ನಾನು ಬಳ್ಳಾರಿಯ ಬ್ರೂಸ್‌ಪೇಟೆ ಕಡೆ ಒಂದು ಆಫೀಸಿನಲ್ಲಿ ಜಿಎಸ್‌ಟಿ ಕೆಲಸ ಮಾಡುತ್ತಿದ್ದೆ. ಆ ವರ್ಷಗಳನ್ನು ಎಲ್ಲರೂ ಒಂದೇ ಥರ ಹೇಳುತ್ತಾರೆ. “ಆಗ ಊರಲ್ಲೇ ಇದ್ದಳು.” ಅಷ್ಟೇ. ಏನು ಮಾಡುತ್ತಿದ್ದಳು, ಎಷ್ಟು ದುಡಿದಳು, ಏನು ಕಲಿತಳು, ಯಾರಿಗೂ ಬೇಡ.

ಬೆಳಗ್ಗೆ ಎದ್ದು ಮೊದಲು ನೋಡಬೇಕಾದದ್ದು ನಲ್ಲಿಯನ್ನು. ನಮ್ಮ ಕಡೆ ನೀರು ದಿನಾ ಬರುವುದಿಲ್ಲ. ಬಂದ ದಿನ ಡ್ರಮ್ಮು, ಕೊಡ, ಬಕೆಟ್ಟು ಎಲ್ಲಾ ತುಂಬಿಸಿಯೇ ಹೊರಡಬೇಕು. ಸ್ಕೂಟಿ ತೆಗೆದು ಹೊರಟರೆ ರೈಲ್ವೆ ಗೇಟು ಬಿದ್ದಿರುತ್ತಿತ್ತು. ಅದಿರಿನ ಗೂಡ್ಸು ಹೋಗುವವರೆಗೆ ಬಿಸಿಲಲ್ಲಿ ನಿಲ್ಲಬೇಕು. ಏಪ್ರಿಲ್ ಬಂದರೆ 40 ಡಿಗ್ರಿ ದಾಟುವ ಊರು ನಮ್ಮದು. ದುಪಟ್ಟಾ ಮುಖಕ್ಕೆ ಸುತ್ತಿಕೊಂಡು ಆಫೀಸು ಸೇರುವಷ್ಟರಲ್ಲಿ ಆಗಲೇ ಯಾರಾದರೂ ಬಿಲ್ಲಿನ ಕಟ್ಟು ಹಿಡಿದು ಕೂತಿರುತ್ತಿದ್ದರು.

ನಮ್ಮ ಪಾರ್ಟಿಗಳಲ್ಲಿ, ಅಂದರೆ ಆಫೀಸಿನ ಗಿರಾಕಿಗಳಲ್ಲಿ, ಅರ್ಧಕ್ಕಿಂತ ಜಾಸ್ತಿ ಜೀನ್ಸಿನವರು. ಬಳ್ಳಾರಿ ಜೀನ್ಸ್ ಹೆಸರು ಎಲ್ಲರೂ ಕೇಳಿದ್ದೀರಿ. ಆದರೆ ಒಂದು ಪ್ಯಾಂಟು ಒಂದೇ ಜಾಗದಲ್ಲಿ ತಯಾರಾಗುವುದಿಲ್ಲ. ಬಟ್ಟೆ ಅಹಮದಾಬಾದ್ ಕಡೆಯಿಂದ ಬರುತ್ತದೆ. ಕಟಿಂಗ್ ಒಂದು ಕಡೆ. ಹೊಲಿಗೆ ಇನ್ನೊಂದು ಕಡೆ, ಎಷ್ಟೋ ಸಲ ಮನೆಮನೆಗಳಲ್ಲೇ. ಕಾಜಾ, ಗುಂಡಿ ಬೇರೆಯವರದು. ಆಮೇಲೆ ವಾಷಿಂಗ್. ಆಮೇಲೆ ಇಸ್ತ್ರಿ, ಪ್ಯಾಕಿಂಗ್. ಮಾಲು ಒಬ್ಬರಿಂದ ಒಬ್ಬರಿಗೆ ಹೋದಾಗೆಲ್ಲಾ ಚಲನ್, ಅಂದರೆ ಎಷ್ಟು ಮಾಲು ಹೋಯಿತು ಅಂತ ಬರೆದ ಚೀಟಿ, ಬೇಕು. ಹೀಗೆ ಜಾಬ್ ವರ್ಕಿಗೆ, ಅಂದರೆ ಕೂಲಿ ಕೊಟ್ಟು ಕೆಲಸ ಮಾಡಿಸಲು ಬೇರೆಯವರಿಗೆ, ಕಳಿಸಿದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು. ಬರದಿದ್ದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕ ಹಿಡಿದು ತೆರಿಗೆ ಕೇಳುತ್ತಾರೆ. ಪುಸ್ತಕದಲ್ಲಿ ಇದು ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ನು, ಅರ್ಧ ಪುಟದ ಮಾತು. ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಅದು ಏನು ಅಂತ ತಿಳಿದದ್ದು ಮಾತ್ರ ವಾಷಿಂಗ್ ಯೂನಿಟ್ಟಿನಲ್ಲಿ.

ಒಬ್ಬರ ಚಲನ್ನಿಗೂ ವಾಪಸ್ ಬಂದ ಮಾಲಿಗೂ ತಾಳೆ ಆಗುತ್ತಿರಲಿಲ್ಲ. ನಮ್ಮ ಸರ್ “ಹೋಗಿ ನೋಡ್ಕೊಂಡು ಬಾಮ್ಮಾ” ಅಂದರು. ಹೋದೆ. ದೊಡ್ಡ ದೊಡ್ಡ ಡ್ರಮ್ಮಿನ ಮೆಷಿನ್ನುಗಳು, ಒಳಗೆ ಉರುಳುವ ಪ್ಯಾಂಟುಗಳು, ನೆಲದ ತುಂಬಾ ನೀಲಿ ನೀರು. ಅಲ್ಲೊಬ್ಬ ಹಿರಿಯರು ಒದ್ದೆ ಪ್ಯಾಂಟುಗಳನ್ನು ಎಣಿಸಿ ಸುತಳಿಯಲ್ಲಿ ಕಟ್ಟು ಕಟ್ಟುತ್ತಿದ್ದರು. ಮಣಿಕಟ್ಟಿನವರೆಗೆ ಎರಡೂ ಕೈ ನೀಲಿ. ಉಗುರಿನ ಸಂದಿ ಪೂರ್ತಿ ಕಪ್ಪು. ಅವರನ್ನು ಕೇಳಿದೆ. ಅವರು ಮಾತಾಡದೆ ಮೂಲೆಯಲ್ಲಿದ್ದ ಚೀಲ ಎಳೆದು ತಂದು ನೆಲಕ್ಕೆ ಸುರಿದರು. ವಾಷಿನಲ್ಲಿ ಅಂಚು ಹರಿದದ್ದು, ಬಣ್ಣ ಪಟ್ಟೆಪಟ್ಟೆಯಾಗಿ ಬಿಟ್ಟದ್ದು, ಜೇಬು ಕಿತ್ತದ್ದು. “ಇವು ರಿಜೆಕ್ಟ್ ಅಮ್ಮಾ. ಇವನ್ನ ಯಾರೂ ಬರ್ಕೊಳ್ಳಲ್ಲ” ಅಂದರು. ನಾವು ಕಂಪ್ಯೂಟರ್ ಮುಂದೆ ಕೂತು ಹುಡುಕುತ್ತಿದ್ದ ವ್ಯತ್ಯಾಸ ಪೂರಾ ಆ ಚೀಲದಲ್ಲಿತ್ತು. ಅವತ್ತಿನಿಂದ ನಮ್ಮ ಪಾರ್ಟಿಗಳ ಚಲನ್ನಿನಲ್ಲಿ ರಿಜೆಕ್ಟಿಗೆ ಬೇರೆ ಕಾಲಂ ಬಂತು. ಹಾಕಿಸಿದ್ದು ನಾನು. ಹೆಮ್ಮೆಯಿಂದಲೇ ಹೇಳುತ್ತೇನೆ.

ತಿಂಗಳ 11ಕ್ಕೆ ಒಂದು ರಿಟರ್ನ್, ಅಂದರೆ ಸರ್ಕಾರಕ್ಕೆ ಸಲ್ಲಿಸುವ ಲೆಕ್ಕ, 20ಕ್ಕೆ ಇನ್ನೊಂದು. ನಡುವೆ ಫೋನೋ ಫೋನು. ಬಟ್ಟೆ ಕೊಟ್ಟವನು ಬಿಲ್ ಅಪ್‌ಲೋಡ್ ಮಾಡದಿದ್ದರೆ ಕೊಂಡವನಿಗೆ ಆಗ ಕೊಟ್ಟ ತೆರಿಗೆಯ ಕ್ರೆಡಿಟ್ (ವಜಾ) ಸಿಗುವುದಿಲ್ಲ, ತೆರಿಗೆ ಅವನ ಕೈಯಿಂದಲೇ ಹೋಗುತ್ತದೆ. ಹಾಗಾಗಿ ಅಹಮದಾಬಾದಿನ ಅಕೌಂಟೆಂಟಿಗೆ ಹಿಂದಿಯಲ್ಲಿ ಗೋಗರೆಯಬೇಕು. ನಮ್ಮೂರ ಕೌಲ್ ಬಜಾರಿನವರ ಹತ್ತಿರ ಉರ್ದು, ಇನ್ನೊಬ್ಬರ ಹತ್ತಿರ ತೆಲುಗು, ಆಫೀಸಿನಲ್ಲಿ ಕನ್ನಡ, ನೋಟಿಸಿಗೆ ಉತ್ತರ ಇಂಗ್ಲಿಷಿನಲ್ಲಿ. ಒಂದೇ ಮಧ್ಯಾಹ್ನ ಇಷ್ಟೂ ಆಗುತ್ತಿತ್ತು. ಬಳ್ಳಾರಿಯಲ್ಲಿ ಬೆಳೆದವರಿಗೆ ಇದು ಮಾಮೂಲಿ. ಬೆಂಗಳೂರಿನ ಇಂಟರ್‌ವ್ಯೂಗಳಲ್ಲಿ ‘ಕಮ್ಯುನಿಕೇಶನ್ ಹೇಗಿದೆ’ ಅಂತ ಕೇಳುತ್ತಾರೆ. ಅವರ ಪ್ರಕಾರ ಅದಕ್ಕೆ ಅರ್ಥ ಇಂಗ್ಲಿಷ್ ಮಾತ್ರ.

2021ರ ಕೊನೆಯ ತಿಂಗಳು ನಾನು ಸಾಯುವವರೆಗೂ ಮರೆಯುವುದಿಲ್ಲ. ಸಾವಿರ ರೂಪಾಯಿವರೆಗಿನ ಬಟ್ಟೆಗೆ ಆಗ 5 ಪರ್ಸೆಂಟ್ ಜಿಎಸ್‌ಟಿ ಇತ್ತು. 2022ರ ಜನವರಿ 1ರಿಂದ ಅದು 12 ಆಗುತ್ತದೆ ಅಂತ ನವೆಂಬರಿನಲ್ಲಿ ನೋಟಿಫಿಕೇಶನ್ ಬಂತು. ನಮ್ಮ ಪಾರ್ಟಿಗಳು ಮಾಡುತ್ತಿದ್ದದ್ದೆಲ್ಲಾ ಅಂಥ ಕಡಿಮೆ ಬೆಲೆಯ ಪ್ಯಾಂಟುಗಳೇ. ಕೌಲ್ ಬಜಾರಿನ ಒಬ್ಬ ಅಣ್ಣ ದಿನಾ ಬಂದು ನನ್ನ ಟೇಬಲ್ ಮುಂದೆ ಕೂರುತ್ತಿದ್ದರು. ಜನವರಿಗೆ ಕೊಡಬೇಕಾದ ಮಾಲಿಗೆ ಹಳೇ ರೇಟಿನಲ್ಲಿ ಮಾತು ಕೊಟ್ಟುಬಿಟ್ಟಿದ್ದರು. 400 ರೂಪಾಯಿಯ ಪ್ಯಾಂಟಿಗೆ ಹೆಚ್ಚುವರಿ 28 ರೂಪಾಯಿ. ಅವರಿಗೆ ಒಂದು ಪ್ಯಾಂಟಿನಲ್ಲಿ ಉಳಿಯುತ್ತಿದ್ದದ್ದೇ ಅಷ್ಟಿಲ್ಲ. “ಮೇಡಂ, 12 ಮಾಡಿದ್ರೆ ನಾನ್ ಮೆಷಿನ್ ಮಾರ್ಬೇಕು” ಅನ್ನುತ್ತಿದ್ದರು. ಅವರ ಮೆಷಿನ್ನಿನ ಮೇಲೆ ಎಷ್ಟು ಮನೆ ನಡೆಯುತ್ತಿದ್ದವು ಅಂತ ನನಗೆ ಗೊತ್ತಿತ್ತು. ಕೂಲಿಯ ಲೆಕ್ಕ ಬರೆಯುತ್ತಿದ್ದವಳು ನಾನೇ ಅಲ್ವಾ.

ಡಿಸೆಂಬರ್ 31ರಂದು ದೆಹಲಿಯಲ್ಲಿ ತೆರಿಗೆ ದರ ತೀರ್ಮಾನಿಸುವ ಜಿಎಸ್‌ಟಿ ಕೌನ್ಸಿಲ್ ಸಭೆ. ಆಫೀಸಿನಲ್ಲಿ ಯಾರಿಗೂ ಕೆಲಸದ ಮೇಲೆ ಮನಸ್ಸಿಲ್ಲ. ಬಟ್ಟೆಯ ದರ ಏರಿಸುವುದನ್ನು ಮುಂದೂಡಿದ್ದಾರೆ ಅಂತ ಸುದ್ದಿ ಬಂದಾಗ ಆ ಅಣ್ಣ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಆಮೇಲೆ ಎದ್ದು ಹೋಗಿ ಇಡೀ ಆಫೀಸಿಗೆ ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ಬಂದರು. ಹಳೇ ಬಿಲ್ಲುಗಳ ಮೇಲೆ ಪೇಪರ್ ಹಾಸಿ ತಿಂದೆವು. ಇದನ್ನು ಟೈಂಪಾಸ್ ಅಂತೀರಾ ಮಾವಾ?

“ಹಾಗಾದರೆ ನೀನ್ಯಾಕೆ ಹೋದೆ?” ಅಂತ ಕೇಳುವವರಿದ್ದಾರೆ. ಮದುವೆ ಮನೆಯಲ್ಲೂ ಒಬ್ಬರು ಕೇಳಿದರು. ದುಡ್ಡಿಗೆ ಹೋದೆ. ಬೆಂಗಳೂರಿನಲ್ಲಿ ಸಂಬಳ ಜಾಸ್ತಿ, ದೊಡ್ಡ ಕಂಪನಿಗಳಿವೆ, ಇದನ್ನು ಯಾರು ಅಲ್ಲಗಳೆಯುತ್ತಾರೆ? ಹೋಗುವವರು ಹೋಗಲಿ. ನಾನು ಯಾರನ್ನೂ ತಡೆಯುತ್ತಿಲ್ಲ. ಆದರೆ ಹೋಗುವುದಕ್ಕೂ, ಹೋಗುವ ಮೊದಲು ಬದುಕಿದ್ದನ್ನು ಸೊನ್ನೆ ಅನ್ನುವುದಕ್ಕೂ ಏನು ಸಂಬಂಧ?

ನಮ್ಮ ಮನೆಯ ಕಥೆ ಹತ್ತಿರದವರಿಗೆ ಗೊತ್ತಿದೆ. ಗೊತ್ತಿಲ್ಲದವರಿಗೆ ಇವತ್ತು ಹೇಳಿಬಿಡುತ್ತೇನೆ. ಅಪ್ಪ ಅದಿರು ಸಾಗಿಸಲು ಸಾಲ ಮಾಡಿ ಟಿಪ್ಪರ್ ತೆಗೆದುಕೊಂಡಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಲೇಬೇಕಿತ್ತು. ಗುಡ್ಡಗಳನ್ನು ಹೇಗೆ ಲೂಟಿ ಹೊಡೆದರು ಅಂತ ಊರಿಗೆಲ್ಲಾ ಗೊತ್ತು. ಆದರೆ ಲೂಟಿ ಹೊಡೆದವರ ಜೊತೆ ಕಂತು ಕಟ್ಟುವವರೂ ಮುಳುಗಿದರು. ಟಿಪ್ಪರ್ ಮನೆ ಮುಂದೆ ನಿಂತಿತು. ಕೊನೆಗೆ ಫೈನಾನ್ಸಿನವರು ಎಳೆದುಕೊಂಡು ಹೋದರು. ಸಾಲ ಮಾತ್ರ ಉಳಿಯಿತು. ಡಿಗ್ರಿ ಮುಗಿದಾಗ ಗೆಳತಿಯರು ಬೆಂಗಳೂರಿಗೆ ಹೋಗಲು ಹಂಪಿ ಎಕ್ಸ್‌ಪ್ರೆಸ್ ಹತ್ತಿದರು. ನಾನು ಹತ್ತಲಿಲ್ಲ. ಪಿಜಿ ಬಾಡಿಗೆಗೆ, ಅಡ್ವಾನ್ಸಿಗೆ ದುಡ್ಡಿರಲಿಲ್ಲ. ಮನೆಯಲ್ಲಿದ್ದು ದುಡಿದರೆ ಸಂಬಳ ಪೂರ್ತಿ ಕಂತಿಗೆ ಹೋಗುತ್ತಿತ್ತು. ಹೋಯಿತು ಕೂಡ. ಆ ಸಾಲ ತೀರಿದ್ದು ಬೆಂಗಳೂರಿನ ಸಂಬಳದಿಂದಲ್ಲ. ಯಾರೂ ಲೆಕ್ಕಕ್ಕೆ ತಗೊಳ್ಳದ ಆ ವರ್ಷಗಳ ಸಂಬಳದಿಂದ.

ಲಾಕ್‌ಡೌನಿನಲ್ಲಿ ಅಪ್ಪನಿಗೆ ಉಸಿರಾಟದ ತೊಂದರೆ ಆದಾಗ ಮನೆಯಲ್ಲಿದ್ದವಳೂ ನಾನೇ. ಅದರ ಬಗ್ಗೆ ಜಾಸ್ತಿ ಬರೆಯಲಾರೆ.

ಮನೆಯವರು, ನೆಂಟರು ಏನೋ ಅಂದರು, ಬಿಟ್ಟುಬಿಡು ಅಂತ ನೀವು ಹೇಳಬಹುದು. ಬಿಡಲಾಗುವುದಿಲ್ಲ. ಯಾಕೆಂದರೆ ಮಾವ ಹೇಳಿದ್ದನ್ನೇ ಬೆಂಗಳೂರಿನ ಕಂಪನಿಯೂ ನನಗೆ ಹೇಳಿತು. ಇಂಟರ್‌ವ್ಯೂನಲ್ಲಿ ಎಲ್ಲಾ ಪ್ರಶ್ನೆಗೆ ಉತ್ತರ ಕೊಟ್ಟೆ. ಕೊನೆಗೆ ಎಚ್‌ಆರ್ ಮೇಡಂ “ಅದು ಲೋಕಲ್ ಎಕ್ಸ್‌ಪೀರಿಯನ್ಸ್, ನಾವು ಕನ್ಸಿಡರ್ ಮಾಡಲ್ಲ” ಅಂದರು. ಫ್ರೆಶರ್ ಅಂತ ತಗೊಂಡರು, ಫ್ರೆಶರ್ ಸಂಬಳ ಕೊಟ್ಟರು. ಅದೇ ಬ್ಯಾಚಿನಲ್ಲಿ, ಮಾಲು ಸಾಗಿಸುವಾಗ ಬೇಕಾಗುವ ಇ-ವೇ ಬಿಲ್ ಕಣ್ಣಲ್ಲಿ ನೋಡದವರೂ ಇದ್ದರು. ನನಗೂ ಅವರಿಗೂ ಒಂದೇ ಸಂಬಳ, ಒಂದೇ ಟ್ರೈನಿಂಗ್. ನೆಂಟರು ಬಾಯಲ್ಲಿ ಸೊನ್ನೆ ಅಂದರು, ಅವರು ಆಫರ್ ಲೆಟರಿನಲ್ಲಿ ಬರೆದು ಸೈನ್ ಹಾಕಿಸಿಕೊಂಡರು. ಇದು ಬರೀ ಮನಸ್ಸಿಗೆ ನೋವಾಗುವ ವಿಷಯ ಅಲ್ಲ. ದುಡ್ಡಿನ ವಿಷಯ. ಪ್ರತಿ ಸಲ ಸಂಬಳ ಹೆಚ್ಚುವಾಗ ಅದೇ ತಳದ ಮೇಲೆ ಹೆಚ್ಚುತ್ತದೆ. ಇವತ್ತಿಗೂ ನಾನು ಆ ನಷ್ಟ ಹೊತ್ತುಕೊಂಡೇ ಇದ್ದೇನೆ.

ಕೆಲಸದಲ್ಲಿ ಕೈಹಿಡಿದದ್ದು ಯಾವುದು? 2025ರ ಸೆಪ್ಟೆಂಬರ್ 22ರಿಂದ ಬಟ್ಟೆಯ ದರ ಮತ್ತೆ ಬದಲಾಯಿತು. 2500 ರೂಪಾಯಿವರೆಗೆ 5, ಅದಕ್ಕಿಂತ ಮೇಲೆ 18. ನಮ್ಮ ಟೀಮಿನಲ್ಲಿ ಎಲ್ಲರೂ ಹೊಸ ಬಿಲ್ಲಿನ ಬಗ್ಗೆಯೇ ಮಾತಾಡುತ್ತಿದ್ದರು. ನಾನು ಕೇಳಿದ್ದು ಒಂದೇ. ಹಳೇ ದರದಲ್ಲಿ ಮಾರಿದ ಮಾಲು ಈಗ ವಾಪಸ್ ಬಂದರೆ ಏನು ಮಾಡುತ್ತೀರಿ? ವಾಪಸ್ ಬಂದ ಮಾಲಿನ ಬಾಬ್ತು ಕಳೆದು ಕೊಡುವ ಕ್ರೆಡಿಟ್ ನೋಟ್ ಹಳೇ ದರದಲ್ಲೇ ಹೋಗಬೇಕು, ಸಾಫ್ಟ್‌ವೇರ್ ಹೊಸ ದರ ಎತ್ತಿಕೊಳ್ಳುವಂತೆ ಇತ್ತು. ಮೀಟಿಂಗಿನಲ್ಲಿ ಎಲ್ಲರೂ ಸುಮ್ಮನಾದರು. ಅಂಗಡಿಯವರು ಸೀಸನ್ ಮುಗಿದ ಮೇಲೆ ಮಾಲು ವಾಪಸ್ ಕಳಿಸುತ್ತಾರೆ ಅನ್ನೋದು ನನಗೆ ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ. ಬ್ರೂಸ್‌ಪೇಟೆಯ ಆಫೀಸಿನಲ್ಲಿ ಕಲಿತದ್ದು ಅದು.

ನನ್ನ ನಿಜವಾದ ಸಂಕಟ ಇನ್ನೊಂದಿದೆ. ‘ಇಲ್ಲಿರೋದು ಬದುಕಲ್ಲ’ ಅಂತ ದಿನಾ ಕೇಳಿ ಕೇಳಿ ನಮ್ಮ ಹುಡುಗರು ಅದನ್ನೇ ನಂಬುತ್ತಾರೆ. ಬಳ್ಳಾರಿ ಇರಲಿ, ರಾಯಚೂರು ಇರಲಿ, ಕೊಪ್ಪಳ ಇರಲಿ, ಎಲ್ಲಾ ಕಡೆ ಇದೇ. ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತವರ ಹಾಗೆ ಊರಲ್ಲಿರುತ್ತಾರೆ. ಮಾಡುತ್ತಿರುವ ಕೆಲಸದ ಬಗ್ಗೆ ಮಾತಾಡಲು ನಾಚಿಕೆ. ಸಂಬಳ ಹೇಳಲು ನಾಚಿಕೆ. ಊರಿನ ನೀರು, ರಸ್ತೆ, ಗೇಟು ಯಾವುದರ ಬಗ್ಗೆಯೂ ದನಿ ಎತ್ತುವುದಿಲ್ಲ. ಹೇಗೂ ಹೋಗುವವರು ನಾವು, ನಮಗ್ಯಾಕೆ ಅಂತ. ಓದಿದ ಮಕ್ಕಳೇ ಹೀಗೆ ಕೂತರೆ ಆ ಊರಿನ ಪರವಾಗಿ ಯಾರು ಕೇಳಬೇಕು? ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371 ಜೆ ವಿಧಿಯನ್ನು ಸಂವಿಧಾನದಲ್ಲಿ ತರಿಸಿಕೊಳ್ಳಲು ಇಲ್ಲಿನ ಹಿರಿಯರು ವರ್ಷಗಟ್ಟಲೆ ಹೋರಾಡಿದ್ದು ಇಲ್ಲೂ ಬದುಕಿದೆ ಅಂತ ನಂಬಿದ್ದಕ್ಕೇ ಅಲ್ವಾ?

ಮದುವೆ ಮುಗಿದ ಮೇಲೆ ತಮ್ಮನನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ರಾಯಲ್ ಸರ್ಕಲ್ ಹತ್ತಿರ ಟೀ ಕುಡಿಯಲು ಕರೆದುಕೊಂಡು ಹೋದೆ. ಕೆಲಸ ಏನೇನು ಮಾಡುತ್ತೀ ಅಂತ ಕೇಳಿದೆ. ಮೊದಲು “ಏನಿಲ್ಲಕ್ಕಾ, ಸುಮ್ನೆ ಎಂಟ್ರಿ” ಅಂದ. ಬಿಡಲಿಲ್ಲ, ಕೆದಕಿದೆ. ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ಬಂದ ನೋಟಿಸಿಗೆ ಉತ್ತರ ತಯಾರಿಸಿದ್ದಾನೆ, ತೆರಿಗೆ ಇಲಾಖೆಯವರು ಆ ಡಿಮ್ಯಾಂಡ್ ಕೈಬಿಟ್ಟಿದ್ದಾರೆ. ಅವನ ಬಯೋಡೇಟಾದಲ್ಲಿ ಇದೊಂದೂ ಇಲ್ಲ! ಎರಡು ವರ್ಷದ ಕೆಲಸಕ್ಕೆ ‘ಅಕೌಂಟ್ಸ್ ಅಸಿಸ್ಟೆಂಟ್’ ಅಂತ ಒಂದೇ ಸಾಲು. ಅವನಿಗೇ ಅದು ಕೆಲಸ ಅನ್ನಿಸಿಲ್ಲ. ಅನ್ನಿಸಲು ನಾವು ಬಿಟ್ಟರೆ ತಾನೇ?

ಆ ಬಯೋಡೇಟಾ ಈಗ ನನ್ನ ಹತ್ತಿರ ಇದೆ. ಬಳ್ಳಾರಿಯ ಕೆಲಸ ಮೊದಲ ಪುಟದಲ್ಲೇ ಬರುವಂತೆ ಇಬ್ಬರೂ ಕೂತು ಬರೆಯುತ್ತಿದ್ದೇವೆ. ಅವನು ಬೆಂಗಳೂರಿಗೆ ಬರುತ್ತಾನೋ, ಬಳ್ಳಾರಿಯಲ್ಲೇ ಸ್ವಂತ ಆಫೀಸು ತೆರೆಯುತ್ತಾನೋ, ಅದು ಅವನಿಗೆ ಬಿಟ್ಟದ್ದು. ನನ್ನ ಫ್ರೆಂಡ್ಸ್ ಲಿಸ್ಟಿನಲ್ಲಿ ಎಚ್‌ಆರ್‌ನವರು, ಆಡಿಟ್ ಫರ್ಮಿನವರು ಬಹಳ ಜನ ಇದ್ದೀರಿ. ನಮ್ಮ ಕಡೆಯ ಹುಡುಗರು ಬಂದರೆ ಫ್ರೆಶರ್ ಅಂತ ಬರೆಯುವ ಮೊದಲು ಊರಲ್ಲಿ ಏನು ಮಾಡುತ್ತಿದ್ದೆ ಅಂತ ಕೇಳಿ. ಹೇಳುವಾಗ ಹಿಂಜರಿಯುತ್ತಾರೆ, ಇನ್ನೊಮ್ಮೆ ಕೇಳಿ. ಮಾಡಿದ ಕೆಲಸಕ್ಕೆ ತಕ್ಕ ಸಂಬಳ ಕೊಡಿ. ಮಾವನಿಗೆ ನಾನೇ ಫೋನ್ ಮಾಡಿ ಮಾತಾಡುತ್ತೇನೆ.