ಬೆಕ್ಕು, ನಾಯಿ, ಇಲಿ ಬಾಯಿಪಾಠ ಆದವು. ಪಾಟಿ ಮೂಲೆಗೆ ಬಿತ್ತು

ವಿಜಯಪುರದಲ್ಲಿ ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುವ ಯಾರನ್ನೇ ಕೇಳಿ, ಥಟ್ಟನೆ ಹೇಳುತ್ತಾರೆ: ಬೆಕ್ಕು ಅಂದರೆ ಥಾರ್ನ್‌ಡೈಕ್, ನಾಯಿ ಅಂದರೆ ಪಾವ್ಲೋವ್, ಇಲಿ-ಪಾರಿವಾಳ ಅಂದರೆ ಸ್ಕಿನ್ನರ್. 150 ಅಂಕದ ಪತ್ರಿಕೆಯಲ್ಲಿ ಶಿಶು ವಿಕಸನ ಮತ್ತು ಬೋಧನಾ ವಿಧಾನಕ್ಕೆ 30 ಅಂಕ, ಅಲ್ಲಿಗೆ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಕಲಿಕೆಯ ನಿಯಮ ಹೇಳಿದ ಈ ಮನೋವಿಜ್ಞಾನಿಗಳು ಬೇಕೇ ಬೇಕು. ಪರೀಕ್ಷೆ ಪಾಸಾಗುತ್ತದೆ, ನೌಕರಿ ಸಿಗುತ್ತದೆ. ಆಮೇಲೆ ಇಂಡಿಯಲ್ಲೋ ಮುಧೋಳದಲ್ಲೋ ಸಾಲಿ ಸೇರಿದ ಹೊಸ ಗುರುಗಳ ಕೈಯಲ್ಲಿ ಉಳಿಯುವುದು ಎರಡೇ: "ಹತ್ತು ಸಲ ಬರ್ಕೊಂಡ್ ಬಾ" ಮತ್ತು ಛಡಿ. ಕಲಿಕೆ ಅಂದರೆ ಪ್ರಚೋದನೆ ಮತ್ತು ಪರಿಣಾಮದಿಂದ ವರ್ತನೆ ಬದಲಾಗುವುದು ಎನ್ನುವ ಇವರ ವಾದವೇ ವರ್ತನಾವಾದ. ಇದೇ ವರ್ತನಾವಾದ ಅಂತ ಬರೆಸುವುದನ್ನೂ ಛಡಿಯನ್ನೂ ಕೆಲವರು ಸಮರ್ಥಿಸುತ್ತಾರೆ, ಇದೇ ವರ್ತನಾವಾದ ಅಂತ ಉಳಿದವರು ಬಯ್ಯುತ್ತಾರೆ. ಆದರೆ ಇವೆರಡೂ ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಿದವರೇ ಆ ವರ್ತನಾವಾದಿಗಳು.

ಥಾರ್ನ್‌ಡೈಕ್‌ನಿಂದಲೇ ಶುರು ಮಾಡೋಣ. 1898ರಲ್ಲಿ ಆತ ಪೆಟ್ಟಿಗೆಯೊಳಗೆ ಬೆಕ್ಕು ಕೂಡಿಹಾಕಿ ಮಾಡಿದ ಪ್ರಯೋಗ, ಅಲ್ಲಿಂದ ಹುಟ್ಟಿದ ಅಭ್ಯಾಸ ನಿಯಮ (ಮತ್ತೆ ಮತ್ತೆ ಮಾಡಿದರೆ ಕಲಿಕೆ ಗಟ್ಟಿ), ಪರಿಣಾಮ ನಿಯಮ (ಫಲ ಹಿತವಾದರೆ ಕಲಿಕೆ ಗಟ್ಟಿ) ಓದಿದವರಿಗೆಲ್ಲ ಗೊತ್ತು. 1930ರ ದಶಕದ ಹೊತ್ತಿಗೆ ಆತನೇ ತನ್ನ ನಿಯಮಗಳನ್ನು ತಿದ್ದಿಕೊಂಡ ಎಂಬುದು ಮಾತ್ರ ಗೈಡುಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಕಣ್ಣು ಮುಚ್ಚಿಕೊಂಡು ಇಷ್ಟೇ ಉದ್ದದ ಗೆರೆ ಎಳೆಯಿರಿ ಎಂದು ಜನರಿಗೆ ಹೇಳಿದ. ಸರಿಯೋ ತಪ್ಪೋ ಎಂದು ಯಾರೂ ತಿಳಿಸಲಿಲ್ಲ. ಸಾವಿರಾರು ಸಲ ಎಳೆದರೂ ಗೆರೆ ಸುಧಾರಿಸಲಿಲ್ಲ. ಬರೀ ಮಾಡಿದ್ದನ್ನೇ ಮಾಡಿದರೆ ಕಲಿಕೆ ಆಗುವುದಿಲ್ಲ, ಮಾಡಿದ್ದರ ಪರಿಣಾಮ ತಿಳಿಯಬೇಕು. ಶಿಕ್ಷೆಯ ಬಗ್ಗೆಯೂ ಆತ ಮಾತು ಬದಲಿಸಿದ: ಮೆಚ್ಚುಗೆ ಸರಿ ಉತ್ತರವನ್ನು ಗಟ್ಟಿ ಮಾಡಿದಷ್ಟು, ಶಿಕ್ಷೆ ತಪ್ಪು ಉತ್ತರವನ್ನು ಅಳಿಸುವುದಿಲ್ಲ.

ಈಗ ನಮ್ಮ "ಹತ್ತು ಸಲ"ದ ಹೋಂವರ್ಕ್ ನೋಡಿ. ಏಳರ ಮಗ್ಗಿ ಬರೆಯುವ ಹುಡುಗಿಯ ಪಕ್ಕ ಐದು ನಿಮಿಷ ಕುಳಿತರೆ ಸಾಕು. ಮೇಲಿಂದ ಕೆಳಗೆ ಹತ್ತು ಏಳು ಬರೆಯುತ್ತಾಳೆ. ನಂತರ ಹತ್ತು ಗುಣಾಕಾರ ಚಿಹ್ನೆ, ಒಂದರಿಂದ ಹತ್ತು, ಹತ್ತು ಸಮ ಚಿಹ್ನೆ. ಕೊನೆಗೆ ಪುಸ್ತಕ ನೋಡಿಕೊಂಡು ಉತ್ತರಗಳ ಸಾಲು. 7 × 8 ಎಂಬ ಪ್ರಶ್ನೆ ಅವಳ ಕಣ್ಣಿಗೆ ಒಮ್ಮೆಯೂ ಬೀಳಲಿಲ್ಲ. ಶುದ್ಧಬರಹದಲ್ಲೂ ಹೀಗೇ. ಎರಡನೇ ಸಾಲಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಮೂರನೆಯದನ್ನು ಎರಡನೆಯದನ್ನು ನೋಡಿ ಬರೆಯುತ್ತಾರೆ, ತಪ್ಪು ಕೊನೇ ಸಾಲಿನ ತನಕ ಇಳಿಯುತ್ತದೆ. ಮರುದಿನ ಗುರುಗಳು ಕೆಂಪು ಪೆನ್ನಿನಲ್ಲಿ ಅಡ್ಡ ಗೆರೆ ಎಳೆದು ಸಹಿ ಹಾಕುತ್ತಾರೆ. ಆ ಮಗು ತಪ್ಪನ್ನೇ ಅಭ್ಯಾಸ ಮಾಡಿತು.

ಮಗ್ಗಿಯನ್ನು ರಾಗದಲ್ಲಿ ಹೇಳಿಸುವುದು ಕೆಟ್ಟದ್ದಲ್ಲ, ಆದರೆ ಅಲ್ಲಿಗೇ ನಿಲ್ಲಿಸಬಾರದು. "ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು" ಎನ್ನುವುದು ಸರಪಳಿ, ಒಂದು ಕೊಂಡಿ ಮುಂದಿನ ಕೊಂಡಿಗೆ ಪ್ರಚೋದನೆ. ಅದಕ್ಕೇ "ಏಳೆಂಟ್ಲೆ ಎಷ್ಟೋ?" ಎಂದು ನಡುವೆ ಕೇಳಿದರೆ ಹುಡುಗ ಬೆರಳು ಮಡಚುತ್ತ ಏಳೊಂದ್ಲೆಯಿಂದ ಶುರು ಮಾಡುತ್ತಾನೆ. ದಡ್ಡನಲ್ಲ ಅವನು, ನಾವು ಕಲಿಸಿದ್ದನ್ನೇ ಮಾಡುತ್ತಿದ್ದಾನೆ. ಹತ್ತು ಚೀಟಿ ಮಾಡಿ: ಎಂಟರಲ್ಲಿ ಬರುವ ಲೆಕ್ಕ, ಎರಡರಲ್ಲಿ ಬಾರದ್ದು. ಕಲಸಿ ಕೇಳಿ, ತಕ್ಷಣ ಉತ್ತರ ತೋರಿಸಿ. ಹತ್ತೂ ಬಾರದವೇ ಆದರೆ ಮಗು ಮೂರನೇ ಚೀಟಿಗೇ ಕೈಚೆಲ್ಲುತ್ತದೆ.

ಸ್ಕಿನ್ನರ್ 1953ರಲ್ಲಿ ತನ್ನ ಮಗಳ ಗಣಿತ ತರಗತಿಗೆ ಹೋಗಿ ಕುಳಿತಾಗ ಕಂಡದ್ದೂ ಇಂಥದ್ದೇ. ಕೆಲವರು ಬೇಗ ಮುಗಿಸಿ ಸುಮ್ಮನೆ ಕೂತಿದ್ದರು, ಕೆಲವರು ಮೊದಲ ಲೆಕ್ಕದಲ್ಲೇ ಸಿಕ್ಕಿಬಿದ್ದಿದ್ದರು, ಉತ್ತರ ಸರಿಯೋ ತಪ್ಪೋ ಯಾರಿಗೂ ಆಗಲೇ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಆತ ಬೋಧನಾ ಯಂತ್ರ ಕಟ್ಟಿದ. ಪಾಠವನ್ನು ಸಣ್ಣ ಸಣ್ಣ ಹೆಜ್ಜೆ ಮಾಡು, ಪ್ರತಿ ಹೆಜ್ಜೆಗೂ ಮಗು ಉತ್ತರ ಬರೆಯಲಿ, ಆ ಕ್ಷಣವೇ ಸರಿ-ತಪ್ಪು ಗೊತ್ತಾಗಲಿ, ತನ್ನ ವೇಗದಲ್ಲಿ ಮುಂದೆ ಹೋಗಲಿ.

ನಮಗೆ ಯಂತ್ರ ಬೇಡ, ಪಾಟಿ ಸಾಕು. ನಾಲ್ವತ್ತು ಮಕ್ಕಳಿಗೂ ಒಂದೇ ಲೆಕ್ಕ ಕೊಡಿ. ಬರೆದವರು ಪಾಟಿಯನ್ನು ಎದೆಗೆ ಅವಚಿಕೊಳ್ಳಲಿ, ಇಲ್ಲದಿದ್ದರೆ ಪಕ್ಕದವರದು ನೋಡುತ್ತಾರೆ. "ಒಂದು, ಎರಡು, ಮೂರು" ಅಂದ ಕೂಡಲೇ ಎಲ್ಲರೂ ಒಟ್ಟಿಗೆ ಎತ್ತಲಿ. ಅಂಕಿ ದೊಡ್ಡದಾಗಿ ಬರೆಸಿ. ಅರ್ಧ ನಿಮಿಷದಲ್ಲಿ ಇಡೀ ತರಗತಿ ಕಾಣುತ್ತದೆ. ನಾಲ್ಕೈದು ಜನ ತಪ್ಪಿದ್ದರೆ ಅವರನ್ನು ಮುಂದೆ ಕೂಡಿಸಿಕೊಳ್ಳಿ. ಹತ್ತು-ಹನ್ನೆರಡು ಜನ ತಪ್ಪಿದ್ದರೆ ತಪ್ಪಿದ್ದು ನಮ್ಮ ಪಾಠ, ಮತ್ತೆ ಹೇಳಬೇಕು. "ತಿಳೀತೇನ್ರೋ?" ಎಂದು ಕೇಳಿ "ಹೂಂ ರೀ ಸರ್" ಎಂಬ ಕೂಗಿಗೆ ಮುಂದೆ ಹೋದರೆ ಕೂಗುವುದನ್ನಷ್ಟೇ ಕಲಿಸಿದಂತೆ.

ಭಾಗಾಕಾರದಲ್ಲಿ ಇದರ ಬಲ ಚೆನ್ನಾಗಿ ಕಾಣುತ್ತದೆ. 612ನ್ನು 6ರಿಂದ ಭಾಗಿಸಲು ಕೊಟ್ಟರೆ ಬಹಳ ಮಕ್ಕಳು 12 ಎಂದು ಬರೆಯುತ್ತಾರೆ. 1ರಲ್ಲಿ 6 ಹೋಗುವುದಿಲ್ಲವಲ್ಲ, ಅಲ್ಲಿ ಸೊನ್ನೆ ಇಡದೆ ಮುಂದಿನ 2ನ್ನೂ ಇಳಿಸಿಕೊಂಡುಬಿಡುತ್ತಾರೆ. ಲೆಕ್ಕ ಪೂರ್ತಿ ಬಿಡಿಸಿ ತೋರಿಸಿ "ಈಗ ನೀವು ಮಾಡ್ರಿ" ಎಂದರೆ ಅದೇ ತಪ್ಪು ಮರಳಿ ಬರುತ್ತದೆ. ಹಿಂದಿನಿಂದ ಕಲಿಸಬೇಕು. ಮೊದಲ ಲೆಕ್ಕದಲ್ಲಿ ಹಲಗೆಯ ಮೇಲೆ ನೀವೇ 1, 0 ಬರೆದು 12 ಉಳಿಸಿ, ಕೊನೆಯ ಹೆಜ್ಜೆ ಮಾತ್ರ ಮಕ್ಕಳದು. ಎರಡನೆಯದರಲ್ಲಿ ಸೊನ್ನೆ ಇಡುವ ಹೆಜ್ಜೆಯನ್ನೂ ಬಿಟ್ಟುಕೊಡಿ. ಮೂರನೆಯದು ಪೂರ್ತಿ ಅವರದೇ. ಭಾಗಲಬ್ಧದ ಜಾಗದಲ್ಲಿ ಮೂರು ಚೌಕ ಹಾಕಿಕೊಟ್ಟರೆ ಖಾಲಿ ಉಳಿದ ಚೌಕವೇ ಸೊನ್ನೆಯನ್ನು ನೆನಪಿಸುತ್ತದೆ. ಸತತ ನಾಲ್ಕೈದು ಲೆಕ್ಕ ಸರಿ ಬಂದ ಮೇಲೆ ಚೌಕ ತೆಗೆಯಿರಿ. ಬೇಗ ತೆಗೆದರೆ ತಪ್ಪು ಮರುಕಳಿಸುತ್ತದೆ, ತೆಗೆಯದೇ ಬಿಟ್ಟರೆ ಚೌಕವಿಲ್ಲದೆ ಲೆಕ್ಕವೇ ಬಾರದು. ಮೆಚ್ಚುವಾಗಲೂ ಬರೀ "ಶಾಬಾಸ್" ಸಾಲದು. "ಸೊನ್ನಿ ಇಡೂದು ಮರೀಲಿಲ್ಲ, ಬರೋಬರಿ ಐತಿ" ಎಂದರೆ ಯಾವುದಕ್ಕೆ ಮೆಚ್ಚಿದರೆಂದು ಮಗುವಿಗೆ ತಿಳಿಯುತ್ತದೆ. ಮೊದಮೊದಲು ಪ್ರತಿ ಸಲ ಹೇಳಿ, ಆಮೇಲೆ ಆಗೊಮ್ಮೆ ಈಗೊಮ್ಮೆ. ಹಾಗೆ ಬಿಟ್ಟು ಬಿಟ್ಟು ಸಿಕ್ಕ ಪುನರ್ಬಲನದಿಂದ, ಅಂದರೆ ವರ್ತನೆಯನ್ನು ಬಲಪಡಿಸುವ ಫಲದಿಂದ, ಕಲಿತದ್ದು ಹೆಚ್ಚು ಕಾಲ ನಿಲ್ಲುತ್ತದೆ.

ಇನ್ನು ಛಡಿ. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಆದರೂ ಹೋಗಿಲ್ಲ. ಯಾಕೆ? ಉತ್ತರ ವರ್ತನಾವಾದದಲ್ಲೇ ಇದೆ. ಛಡಿ ಮೇಜಿಗೆ ಬಡಿದ ಕೂಡಲೇ ಗದ್ದಲ ನಿಲ್ಲುತ್ತದೆ, ಗುರುಗಳ ತಲೆನೋವು ಇಳಿಯುತ್ತದೆ. ಇದಕ್ಕೇ ಋಣಾತ್ಮಕ ಪುನರ್ಬಲನ ಎನ್ನುವುದು. ಅದು ಶಿಕ್ಷೆ ಅಲ್ಲ, ಕಿರಿಕಿರಿ ತಪ್ಪಿದ್ದರಿಂದ ಅದನ್ನು ತಪ್ಪಿಸಿದ ವರ್ತನೆ ಬಲವಾಗುವುದು. ಟಿಇಟಿಯಲ್ಲಿ ಬಹಳ ಜನ ಎಡವುವ ಪ್ರಶ್ನೆ ಇದು. ಹತ್ತು ನಿಮಿಷಕ್ಕೆ ಗದ್ದಲ ಮತ್ತೆ ಶುರು, ಆದರೆ ಅಷ್ಟರಲ್ಲಿ ಛಡಿ ಎತ್ತುವ ಚಟ ಗುರುಗಳಿಗೆ ಅಂಟಿತು. ಗಣಿತದ ಅವಧಿಯಲ್ಲಿ ಕೀಟಲೆ ಮಾಡಿದವನನ್ನು ಹೊರಗೆ ನಿಲ್ಲಿಸುವುದೂ ಇದೇ ಲೆಕ್ಕ: ಬಾರದ ಲೆಕ್ಕದಿಂದ ಅವನಿಗೆ ಬಿಡುಗಡೆ, ನಾಳೆ ಇನ್ನೂ ಬೇಗ ಕೀಟಲೆ.

ಹೆದರಿಕೆ ಬೇರೆ ದಾರಿಯಲ್ಲಿ ಕೂಡುತ್ತದೆ. 1920ರಲ್ಲಿ ವಾಟ್ಸನ್ ಎಂಬ ಇನ್ನೊಬ್ಬ ವರ್ತನಾವಾದಿ ಒಂದು ಕೂಸಿಗೆ ಬಿಳಿ ಇಲಿ ತೋರಿಸುತ್ತ ಹಿಂದಿನಿಂದ ಕಬ್ಬಿಣ ಬಡಿಸಿದ. ಕೂಸು ಇಲಿಗೆ ಹೆದರಿತು, ಆಮೇಲೆ ಮೊಲಕ್ಕೂ. ಕ್ರೂರ ಪ್ರಯೋಗ, ಇವತ್ತು ಯಾರೂ ಮಾಡಕೂಡದು. ಆದರೆ ಹೊಡೆಯುವ ಗುರುಗಳ ಹೆದರಿಕೆ ಗಣಿತ ಪುಸ್ತಕಕ್ಕೂ, ಸಾಲಿಯ ಗಂಟೆಗೂ ಹಬ್ಬುವುದು ಹೀಗೆಯೇ. ಗಣಿತದ ದಿನವೇ ಹೊಟ್ಟೆನೋವು ಎನ್ನುವ ಮಗು ಸುಳ್ಳು ಹೇಳುತ್ತಿಲ್ಲ. ಬಿಡಿಸುವ ದಾರಿ 1924ರಲ್ಲೇ ಮೇರಿ ಕವರ್ ಜೋನ್ಸ್ ತೋರಿಸಿದಳು: ಮೊಲಕ್ಕೆ ಹೆದರುವ ಪೀಟರ್ ಎಂಬ ಹುಡುಗನಿಗೆ ಇಷ್ಟದ ತಿಂಡಿ ಕೊಡುತ್ತ ಮೊಲವನ್ನು ದೂರದಿಂದ ಸ್ವಲ್ಪ ಸ್ವಲ್ಪವೇ ಹತ್ತಿರ ತಂದಳು. ಗಣಿತಕ್ಕೂ ಹಾಗೇ. ಖಂಡಿತ ಬರುವ ಎರಡು ಲೆಕ್ಕದಿಂದ ಅವಧಿ ಶುರು ಮಾಡಿ, ಹಲಗೆಗೆ ಕರೆಯುವುದನ್ನು ಕೊನೆಗಿಡಿ.

ಬಹುಮಾನದಲ್ಲಿ ಒಂದು ಎಚ್ಚರ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು, ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳಿಗೆ ಪ್ರಶಸ್ತಿ ಪತ್ರದ ಆಸೆ ಮೊದಲೇ ತೋರಿಸಿದರು. ಆ ಮಕ್ಕಳು ಮುಂದೆ ತಾವಾಗಿಯೇ ಚಿತ್ರ ಬಿಡಿಸುವುದು ಕಡಿಮೆ ಆಯಿತು. ತಾನಾಗಿಯೇ ಕಥೆ ಪುಸ್ತಕ ಎತ್ತಿಕೊಳ್ಳುವ ಮಗುವಿಗೆ ಸ್ಟಾರ್ ಬೇಡ, ಸ್ಟಾರ್ ಇರಲಿ ಪಾಟಿ ಮುಟ್ಟಲೂ ಒಲ್ಲೆ ಎನ್ನುವವನಿಗೆ. ಇನ್ನು ಅರ್ಥ ಹಿಡಿಯುವುದು, ವಚನದ ಭಾವ, ವಾಕ್ಯರೂಪದ ಲೆಕ್ಕದಲ್ಲಿ ಕೂಡಬೇಕೋ ಕಳೆಯಬೇಕೋ ಎಂದು ಯೋಚಿಸುವುದು, ಇವು ಬರೀ ಪ್ರಚೋದನೆ-ಪ್ರತಿಕ್ರಿಯೆಯಿಂದ ಬರುವಂಥವಲ್ಲ. ಅಲ್ಲಿ ಮಾತಾಡಿಸಬೇಕು, ಚರ್ಚೆ ಬೇಕು. ಎಸ್ಸೆಸ್ಸೆಲ್ಸಿ ಪಾಸಿಂಗ್ ಪ್ಯಾಕೇಜನ್ನು ಬಾಯಿಪಾಠ ಮಾಡಿದವರು ಪ್ರಶ್ನೆಯ ಅಂಕಿ ಬದಲಾದ ಕೂಡಲೇ ನಿಂತುಬಿಡುವುದು ಇದಕ್ಕೇ.

ಸರಕಾರಿ ಸಾಲಿಗಳಲ್ಲಿ ಒಂದರಿಂದ ಮೂರನೇ ತರಗತಿಯ ಚಟುವಟಿಕೆ ಆಧಾರಿತ ಪದ್ಧತಿಯಾದ ನಲಿ-ಕಲಿಯನ್ನು ಯಾರೂ ವರ್ತನಾವಾದ ಎನ್ನುವುದಿಲ್ಲ, ಆದರೆ ಅದರ ಕಲಿಕಾ ಏಣಿಯಲ್ಲಿ ಸಣ್ಣ ಹೆಜ್ಜೆಯೂ ಇದೆ, ಸ್ವಂತ ವೇಗವೂ ಇದೆ. ಕಬ್ಬಿನ ಸುಗ್ಗಿಗೆ ತಂದೆ-ತಾಯಿಯ ಜೊತೆ ಗುಳೆ ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ನಾಲ್ಕನೇ ತರಗತಿಗೆ ಆ ಏಣಿ ಇಲ್ಲ, ಪುಸ್ತಕ ಮುಂದೆ ಓಡುತ್ತಿರುತ್ತದೆ. ಅಂಥ ಮಗು ಮರಳಿದ ದಿನ ಪಾಟಿ ಕೊಟ್ಟು ಹತ್ತು ಲೆಕ್ಕ ಬರೆಸಿ: ಎರಡು ಕೂಡಿಸುವುದು, ಎರಡು ದಶಕ ತಂದು ಕಳೆಯುವುದು, ಮೂರು ಗುಣಾಕಾರ, ಮೂರು ಭಾಗಾಕಾರ. ಎಲ್ಲಿ ಕೈ ನಿಲ್ಲುತ್ತದೋ ಅದರ ಹಿಂದಿನ ಹೆಜ್ಜೆಯಿಂದ ದಿನಕ್ಕೆ ಐದು ಲೆಕ್ಕ, ಪ್ರಾರ್ಥನೆ ಮುಗಿದ ಕೂಡಲೇ, ಒಂದೊಂದನ್ನೂ ಅಲ್ಲೇ ನೋಡಿ ಹೇಳಿ.